ಸಾವೋ ಮಿಗೆಲ್ ಮತ್ತು ಮದೈರಾ: ಬಾಡಿಗೆ ಕಾರಿನಲ್ಲಿ ಸುತ್ತಿದ ಎರಡು ಜ್ವಾಲಾಮುಖಿ ದ್ವೀಪಗಳು

ಸಾವೋ ಮಿಗೆಲ್ ದ್ವೀಪದ ವಿಸ್ತೀರ್ಣ ಸುಮಾರು 745 ಚದರ ಕಿಲೋಮೀಟರ್, ಮದೈರಾ ದ್ವೀಪದ್ದು ಸುಮಾರು 740. ಎರಡೂ ಅಟ್ಲಾಂಟಿಕ್ ಸಾಗರದಲ್ಲಿ ಜ್ವಾಲಾಮುಖಿಯಿಂದ ಹುಟ್ಟಿದವು, ಎರಡೂ ಪೋರ್ಚುಗಲ್ ದೇಶಕ್ಕೆ ಸೇರಿದವು, ನಾವು ವಾಸವಾಗಿರುವ ನೆದರ್ಲ್ಯಾಂಡ್ಸ್‌ನಿಂದ ಎರಡನ್ನೂ ನಾಲ್ಕೈದು ಗಂಟೆಗಳ ವಿಮಾನಯಾನದಲ್ಲಿ ತಲುಪಬಹುದು. ಆದ್ದರಿಂದಲೇ ರಜೆ ಹತ್ತಿರವಾದಾಗ ಇಲ್ಲಿನ ಕನ್ನಡಿಗ ಸ್ನೇಹಿತರಲ್ಲಿ ಒಬ್ಬರಾದರೂ ಎರಡರಲ್ಲಿ ಯಾವುದಕ್ಕೆ ಹೋಗುವುದು ಒಳ್ಳೆಯದೆಂದು ಕೇಳುತ್ತಾರೆ. ನಾವು 2023ರ ಮೇ ತಿಂಗಳಲ್ಲಿ ಸಾವೋ ಮಿಗೆಲ್‌ಗೂ 2024ರ ಮೇ ತಿಂಗಳಲ್ಲಿ ಮದೈರಾಕ್ಕೂ ಹೋಗಿ, ತಲಾ ಏಳು ದಿನ ಬಾಡಿಗೆ ಕಾರಿನಲ್ಲಿ ಸುತ್ತಿದೆವು. ಎರಡೂ ಸಲ ಕಾರಿನಲ್ಲಿದ್ದವರು ನಾನು, ನನ್ನ ಹೆಂಡತಿ ಮತ್ತು ತೀರ್ಥಹಳ್ಳಿಯಿಂದ ಬಂದಿದ್ದ, ಮೊಣಕಾಲು ನೋವಿರುವ ನನ್ನ ತಾಯಿ. ನಮ್ಮ ಅನುಭವದಲ್ಲಿ ಸಾವೋ ಮಿಗೆಲ್‌ನ ಪ್ರಕೃತಿಯ ಹೆಚ್ಚಿನ ಪಾಲು ರಸ್ತೆಯ ಪಕ್ಕದಲ್ಲೇ ಸಿಗುತ್ತದೆ. ಮದೈರಾದಲ್ಲಿ ರಸ್ತೆ ನಮ್ಮನ್ನು ಕಾಡಿನ ಬಾಗಿಲಿನವರೆಗೆ ಮಾತ್ರ ತಂದು ಬಿಡುತ್ತದೆ, ಮುಂದಿನದನ್ನು ನಡೆದೇ ನೋಡಬೇಕು.

ಇದಕ್ಕೆ ಕಾರಣ ಎರಡು ದ್ವೀಪಗಳ ವಯಸ್ಸು. ಅಜೋರ್ಸ್‌ನ ಒಂಬತ್ತು ದ್ವೀಪಗಳಲ್ಲಿ ದೊಡ್ಡದಾದ ಸಾವೋ ಮಿಗೆಲ್, ಉತ್ತರ ಅಮೆರಿಕ, ಯುರೇಷಿಯಾ ಮತ್ತು ಆಫ್ರಿಕಾ ಭೂಫಲಕಗಳು ಸಂಧಿಸುವ ಪ್ರದೇಶದಲ್ಲಿದೆ, ಮತ್ತು ಅಲ್ಲಿನ ಜ್ವಾಲಾಮುಖಿಗಳು ಇನ್ನೂ ತಣ್ಣಗಾಗಿಲ್ಲ. ಫೋಗೊ 1563ರಲ್ಲಿ, ಫುರ್ನಾಸ್ 1630ರಲ್ಲಿ ಸ್ಫೋಟಿಸಿದ ದಾಖಲೆಗಳಿವೆ. ಹಳೆಯ ಸ್ಫೋಟಗಳ ನಂತರ ಬೆಟ್ಟದ ನೆತ್ತಿ ಕುಸಿದು ಉಂಟಾದ ಅಗಲವಾದ ಬೋಗುಣಿಗಳಲ್ಲಿ ಈಗ ಕೆರೆಗಳಿವೆ, ಆ ಬೋಗುಣಿಗಳ ಅಂಚಿನಲ್ಲೇ ರಸ್ತೆಗಳು ಸಾಗುತ್ತವೆ. ಮದೈರಾ ಇದಕ್ಕಿಂತ ಬಹಳ ಹಳೆಯದು. ಅಲ್ಲಿ ಕೊನೆಯ ಸ್ಫೋಟವಾಗಿ ಆರು ಸಾವಿರ ವರ್ಷಗಳಿಗೂ ಮೇಲಾಗಿದೆ; ಲಕ್ಷಾಂತರ ವರ್ಷಗಳ ಮಳೆ ಮತ್ತು ಹಳ್ಳಗಳು ಬೆಟ್ಟವನ್ನು ಕೊರೆದು ಆಳವಾದ ಕಣಿವೆಗಳನ್ನು ಮಾಡಿವೆ. ಸಾವೋ ಮಿಗೆಲ್‌ನ ಅತಿ ಎತ್ತರದ ಶಿಖರ ಸುಮಾರು 1,100 ಮೀಟರ್, ಮದೈರಾದ ಪಿಕೊ ರುಯಿವೊ 1,862 ಮೀಟರ್. ಅಷ್ಟೇ ಜಾಗದಲ್ಲಿ ಅಷ್ಟು ಹೆಚ್ಚು ಎತ್ತರವಿದ್ದರೆ ರಸ್ತೆ ಹೇಗಿರುತ್ತದೆ ಎಂಬುದನ್ನು ಆಗುಂಬೆ ಘಟ್ಟ ಇಳಿದವರಿಗೆ ವಿವರಿಸಬೇಕಾಗಿಲ್ಲ.

ಸಾವೋ ಮಿಗೆಲ್‌ನಲ್ಲಿ ಪೊಂತಾ ಡೆಲ್ಗಾಡಾ ಪಟ್ಟಣದ ಹೊರಗೆ ಒಂದೇ ಮನೆ ಹಿಡಿದು ಇಡೀ ದ್ವೀಪವನ್ನು ನೋಡಿದೆವು. ಪಶ್ಚಿಮದ ಸೆಟೆ ಸಿಡಾಡೆಸ್ ಕೆರೆಗಳಿಗೆ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು, ಫುರ್ನಾಸ್‌ಗೆ ಮುಕ್ಕಾಲು ಗಂಟೆ, ಪೂರ್ವದ ತುದಿಯಲ್ಲಿರುವ ನಾರ್ಡೆಸ್ಟೆಗೆ ಸುಮಾರು ಒಂದು ಗಂಟೆ ಹಿಡಿಯಿತು. ಒಂದು ಲೀಟರ್ ಎಂಜಿನ್‌ನ ಸಣ್ಣ ಕಾರು ಎಲ್ಲಿಯೂ ತೊಂದರೆ ಕೊಡಲಿಲ್ಲ. ರಸ್ತೆಯ ಎರಡೂ ಬದಿಗೆ ಹುಲ್ಲುಗಾವಲು, ಹುಲ್ಲುಗಾವಲಿನ ಸುತ್ತ ಹೈಡ್ರೇಂಜಾ ಗಿಡಗಳ ಬೇಲಿ. ಆ ನೀಲಿ ಹೂಗಳು ಮೈತುಂಬ ಅರಳುವುದು ಜುಲೈ ಹೊತ್ತಿಗಾದ್ದರಿಂದ ನಾವು ಕಂಡದ್ದು ಎಲೆಗಳನ್ನು ಮಾತ್ರ. ದಾರಿಗೆ ಅಡ್ಡವಾದದ್ದೆಂದರೆ ಸಂಜೆಯ ಹೊತ್ತು ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೋಗುವ ದನಗಳ ಹಿಂಡು. ಹಾಲು ಕರೆಯುವ ಯಂತ್ರವನ್ನೇ ಗಾಡಿಯ ಮೇಲೆ ಹುಲ್ಲುಗಾವಲಿಗೆ ತಂದು ನಿಲ್ಲಿಸುವ ಪದ್ಧತಿಯನ್ನು ಅಮ್ಮ ಕಾರಿನ ಕಿಟಕಿಯಿಂದ ಬಹಳ ಹೊತ್ತು ನೋಡಿದರು. ನಾರ್ಡೆಸ್ಟೆ ಕಡೆಯ ರಸ್ತೆಯುದ್ದಕ್ಕೂ ಸಮುದ್ರಕ್ಕೆ ಮುಖ ಮಾಡಿದ ನೋಟದ ತಾಣಗಳಿವೆ. ಕಲ್ಲಿನ ಮೇಜು, ಅಡುಗೆಗೆ ಒಲೆ, ನೀರಿನ ನಲ್ಲಿ, ಅಚ್ಚುಕಟ್ಟಾಗಿ ಬೆಳೆಸಿದ ಹೂದೋಟ, ಎಲ್ಲವೂ ಉಚಿತ. ಒಂದೇ ದಿನ ಇಂತಹ ಎಂಟು ಕಡೆ ಅಮ್ಮ ಇಳಿದು ನೋಡಿದರು, ಎಲ್ಲಿಯೂ ನೂರು ಹೆಜ್ಜೆಗಿಂತ ಹೆಚ್ಚು ನಡೆಯಬೇಕಾಗಲಿಲ್ಲ.

ಅದೇ ಧೈರ್ಯದಿಂದ ಮದೈರಾದಲ್ಲಿಯೂ ಅದೇ ದರ್ಜೆಯ ಕಾರು ತೆಗೆದುಕೊಂಡದ್ದು ನಮ್ಮ ಮೊದಲ ತಪ್ಪು. ದ್ವೀಪದ ದೊಡ್ಡ ಊರುಗಳನ್ನು ಕೂಡಿಸುವ ವೇಗದ ರಸ್ತೆ ಅತ್ಯುತ್ತಮವಾಗಿದೆ. ಆದರೆ ಅದು ನೂರಕ್ಕೂ ಹೆಚ್ಚು ಸುರಂಗಗಳ ಮೂಲಕ ಸಾಗುವುದರಿಂದ, ರಾಜಧಾನಿ ಫುಂಶಾಲ್‌ನಿಂದ ವಾಯುವ್ಯದ ಪೋರ್ಟೊ ಮೊನಿಜ್‌ಗೆ ಸುಮಾರು ಒಂದು ಗಂಟೆಯಲ್ಲಿ ತಲುಪಿದರೂ ದಾರಿಯ ಬಹುಭಾಗದಲ್ಲಿ ಕಂಡದ್ದು ಕಾಂಕ್ರೀಟ್ ಗೋಡೆ ಮತ್ತು ಹಳದಿ ದೀಪಗಳು. ಬೆಟ್ಟದ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೋಗುವ ಎನ್‌ಕುಮೆಯಾದಾ ಸುರಂಗವೊಂದೇ ಸುಮಾರು ಮೂರು ಕಿಲೋಮೀಟರ್ ಉದ್ದವಿದೆ. ಸಮುದ್ರದ ಅಂಚಿನಲ್ಲಿ ಬಂಡೆ ಕೊರೆದು ಮಾಡಿದ ಹಳೆಯ ರಸ್ತೆ ನಿಜಕ್ಕೂ ರಮ್ಯವಾದದ್ದು, ಆದರೆ ಕಲ್ಲು ಉರುಳುವ ಭಯದಿಂದ ಅದರ ಹಲವು ತುಂಡುಗಳನ್ನು ಮುಚ್ಚಿದ್ದಾರೆ. ವೇಗದ ರಸ್ತೆಯಿಂದ ಹಳ್ಳಿಯ ಕಡೆಗೆ ತಿರುಗಿದೊಡನೆ ಮೊದಲ ಗೇರ್‌ನಲ್ಲಿ ಮಾತ್ರ ಏರಬಲ್ಲ ಕಡಿದಾದ ದಾರಿಗಳು ಆರಂಭವಾಗುತ್ತವೆ. ನಾವು ಉಳಿದಿದ್ದ ಮನೆಯ ಮುಂದಿನ ಏರಿನಲ್ಲಿ, ಎದುರಿನಿಂದ ಬಂದ ವ್ಯಾನಿಗೆ ದಾರಿ ಬಿಡಲು ನಿಂತು ಮತ್ತೆ ಹೊರಡುವಾಗ, ಕ್ಲಚ್ ಸುಟ್ಟ ವಾಸನೆ ಬಂದು ಮೂವರಿಗೂ ಎದೆ ನಡುಗಿತು. ಮರುದಿನವೇ ಹೆಚ್ಚು ಹಣ ಕೊಟ್ಟು ದೊಡ್ಡ ಎಂಜಿನ್‌ನ ಆಟೋಮ್ಯಾಟಿಕ್ ಕಾರಿಗೆ ಬದಲಾಯಿಸಿಕೊಂಡೆವು. ಮದೈರಾಕ್ಕೆ ಹೋಗುವವರು ಈ ಹಣವನ್ನು ಮೊದಲೇ ತೆಗೆದಿಡಬೇಕು, ಇದರಲ್ಲಿ ಉಳಿತಾಯ ಮಾಡಬಾರದು.

ಮೋಡದ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುಮುರುಗಾಗುತ್ತದೆ. ಸಾವೋ ಮಿಗೆಲ್‌ನ ಕೆರೆಗಳಿರುವ ಎತ್ತರದಲ್ಲೇ ಮೋಡಗಳು ಕೂರುತ್ತವೆ. 1901ರಲ್ಲಿ ಪೋರ್ಚುಗಲ್‌ನ ರಾಜ ಕಾರ್ಲೊಸ್ ಬಂದು ನಿಂತು ನೋಡಿದ್ದಕ್ಕಾಗಿ ‘ರಾಜನ ನೋಟ’ ಎಂದೇ ಹೆಸರಾದ ಸೆಟೆ ಸಿಡಾಡೆಸ್‌ನ ತಾಣದಲ್ಲಿ ಮೊದಲ ಎರಡು ಸಲ ನಮಗೆ ಬಿಳಿಯ ಮಂಜಲ್ಲದೆ ಏನೂ ಕಾಣಲಿಲ್ಲ. ಮೂರನೆಯ ಸಲ ಹೋದಾಗ ಎರಡು ಕೆರೆಗಳ ನಡುವಿನ ಸೇತುವೆಯ ಒಂದು ಪಕ್ಕಕ್ಕೆ ನೀಲಿ, ಇನ್ನೊಂದು ಪಕ್ಕಕ್ಕೆ ಹಸಿರು ನೀರು ಕಣ್ಣಿಗೆ ಬಿತ್ತು. ಲಗೋವಾ ದೊ ಫೋಗೊ ಕೆರೆ ಐದನೆಯ ದಿನ ಇಪ್ಪತ್ತು ನಿಮಿಷ ಮಾತ್ರ ತೆರೆದುಕೊಂಡಿತು. ದ್ವೀಪದ ನೋಟದ ತಾಣಗಳಲ್ಲಿ ಅಳವಡಿಸಿರುವ ಕ್ಯಾಮೆರಾಗಳ ನೇರ ಚಿತ್ರವನ್ನು ಸ್ಪಾಟ್‌ಅಜೋರ್ಸ್ ಆ್ಯಪ್‌ನಲ್ಲಿ ನೋಡಿ ಹೊರಡುವುದನ್ನು ರೂಢಿಸಿಕೊಳ್ಳದಿದ್ದರೆ ಅದೂ ತಪ್ಪಿಹೋಗುತ್ತಿತ್ತು. ಬಾಡಿಗೆ ಕಾರಿನ ನಿಜವಾದ ಪ್ರಯೋಜನ ಅಲ್ಲಿ ತಿಳಿಯಿತು: ಪ್ರವಾಸಿ ಬಸ್ಸು ತನ್ನ ವೇಳೆಗೆ ಬಂದು ಮಂಜು ತೋರಿಸಿ ಹೋಗುತ್ತದೆ, ಕಾರಿದ್ದವರು ಪಶ್ಚಿಮದಲ್ಲಿ ಮೋಡವಿದ್ದರೆ ಪೂರ್ವಕ್ಕೆ ಹೋಗಬಹುದು.

ಮದೈರಾದಲ್ಲಿ ಮೋಡವನ್ನು ದಾಟಿ ಮೇಲೆ ಹೋಗಬಹುದು. ಫುಂಶಾಲ್‌ನಿಂದ ಪಿಕೊ ದೊ ಅರಿಯೇರೊ ಶಿಖರದ ನೆತ್ತಿಯವರೆಗೂ ಡಾಂಬರು ರಸ್ತೆಯಿದೆ; ಸಮುದ್ರಮಟ್ಟದಿಂದ 1,818 ಮೀಟರ್ ಎತ್ತರಕ್ಕೆ ಮುಕ್ಕಾಲು ಗಂಟೆಯೊಳಗೆ ಏರುತ್ತೇವೆ. ನಸುಕಿನಲ್ಲಿ ಹೊರಟು, ಅರ್ಧ ದಾರಿಯಲ್ಲಿ ಮಂಜಿನೊಳಗೆ ಹೊಕ್ಕು, ನೆತ್ತಿಯ ಹತ್ತಿರ ಅದರಿಂದ ಹೊರಗೆ ಬಂದಾಗ ಸುತ್ತಲೂ ಮೋಡದ ಬಯಲು ಹರಡಿತ್ತು, ಅದರ ನಡುವೆ ಶಿಖರಗಳು ನಡುಗಡ್ಡೆಗಳಂತೆ ಎದ್ದು ನಿಂತಿದ್ದವು. ಎರಡು ಪ್ರವಾಸಗಳಲ್ಲಿ ರಸ್ತೆಯಿಂದ ಕಂಡ ಒಂದೇ ಒಂದು ನೋಟವನ್ನು ಆರಿಸೆಂದರೆ ನಾನು ಇದನ್ನೇ ಆರಿಸುತ್ತೇನೆ. ಜಗತ್ತಿನಲ್ಲಿ ಬೇರೆಲ್ಲಿಯೂ ಮರಿ ಮಾಡದ ಜೀನೋ ಪೆಟ್ರೆಲ್ ಎಂಬ ಕಡಲಹಕ್ಕಿ ಈ ಬಂಡೆಗಳಲ್ಲೇ ಗೂಡು ಮಾಡುತ್ತದೆ. ನಾವು ಬಂದ ಮೂರು ತಿಂಗಳಿಗೆ, 2024ರ ಆಗಸ್ಟ್‌ನಲ್ಲಿ, ಆ ಪರ್ವತಭಾಗಕ್ಕೆ ಕಾಡ್ಗಿಚ್ಚು ತಗುಲಿದ ಸುದ್ದಿ ಓದಿ ನಮಗೆ ತುಂಬ ಸಂಕಟವಾಯಿತು.

ಕಾಡನ್ನು ಹೋಲಿಸುವಾಗ ಹಸಿರಿನ ಪ್ರಮಾಣವನ್ನು ನೋಡಿ ಮೋಸಹೋಗಬಾರದು. ಸಾವೋ ಮಿಗೆಲ್‌ನಲ್ಲಿ ಕಣ್ಣಿಗೆ ತುಂಬುವ ಹಸಿರಿನ ಬಹುಪಾಲು ಮನುಷ್ಯ ನೆಟ್ಟದ್ದು: ಹುಲ್ಲುಗಾವಲು, ಜಪಾನ್ ಮೂಲದ ಕ್ರಿಪ್ಟೊಮೇರಿಯಾ ಮರಗಳ ತೋಪು, ಪೂರ್ವ ಏಷ್ಯಾದಿಂದ ಬಂದ ಹೈಡ್ರೇಂಜಾ. ಉತ್ತರ ಕರಾವಳಿಯಲ್ಲಿ 1883ರಿಂದ ನಡೆಯುತ್ತಿರುವ ಗೊರ್ರಿಯಾನಾ ಚಹಾ ತೋಟವೂ ಇದೇ ಸಾಲಿಗೆ ಸೇರುತ್ತದೆ. ಚಹಾ ಗಿಡಗಳ ಸಾಲು ಇಳಿಜಾರಿನಲ್ಲಿ ಇಳಿಯುತ್ತಾ ಕಡಲಿನ ನೀಲಿಗೆ ಮುಟ್ಟುವುದನ್ನು ನೋಡುವುದು ಸಂತೋಷವೇ, ಆದರೆ ಅದು ತೋಟ. ಮೂಲ ಕಾಡು ಉಳಿದಿರುವುದು ಮುಖ್ಯವಾಗಿ ಪೂರ್ವದ ಬೆಟ್ಟಗಳಲ್ಲಿ, ಪ್ರಿಯೋಲೊ ಎಂಬ ಪುಟ್ಟ ಹಕ್ಕಿಯ ಏಕೈಕ ನೆಲೆಯಲ್ಲಿ. ಮದೈರಾದಲ್ಲಿ ಲಾರಿಸಿಲ್ವಾ ಎಂಬ ನಿತ್ಯಹರಿದ್ವರ್ಣ ಕಾಡು ಸುಮಾರು 15,000 ಹೆಕ್ಟೇರ್‌ನಷ್ಟು ಉಳಿದಿದೆ, ದ್ವೀಪದ ಐದನೆಯ ಒಂದು ಭಾಗದಷ್ಟು. ಯುನೆಸ್ಕೊ ಅದನ್ನು 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದಾಲ್ಚಿನ್ನಿಯ ಕುಟುಂಬಕ್ಕೇ ಸೇರಿದ ಮರಗಳು ಅಲ್ಲಿನ ಮುಖ್ಯ ವೃಕ್ಷಗಳು. ಪೌಲ್ ದ ಸೆರ್ರಾ ಪ್ರಸ್ಥಭೂಮಿಯ ಅಂಚಿನ ಫನಾಲ್‌ಗೆ ಕಾರಿನಲ್ಲೇ ಹೋಗಬಹುದು. ನೂರಾರು ವರ್ಷಗಳ ಮರಗಳು, ಮೈಯೆಲ್ಲ ಹಾವಸೆ ಹೊತ್ತು, ಮಂಜಿನಲ್ಲಿ ಬಾಗಿ ನಿಂತಿದ್ದವು. ಸಾವೋ ಮಿಗೆಲ್‌ನಲ್ಲಿ ಮಂಜು ನೋಟವನ್ನು ಕಸಿದುಕೊಂಡಿತ್ತು. ಇಲ್ಲಿ ಮಂಜು ಕಾಡಿನದೇ ಅಂಗವಾಗಿತ್ತು, ಎಲೆಗಳಿಗೆ ತಗುಲಿದ ಅದರ ಹನಿಗಳು ನೆಲಕ್ಕೆ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು.

ಆ ನೀರನ್ನು ಮಳೆಯ ಉತ್ತರದಿಂದ ಒಣಗಿದ ದಕ್ಷಿಣದ ಹೊಲಗಳಿಗೆ ತರಲು ಶತಮಾನಗಳಿಂದ ಕಡಿದ ಕಾಲುವೆಗಳಿಗೆ ಲೆವಾದಾ ಎಂದು ಹೆಸರು. ಕಾಲುವೆಯ ಪಕ್ಕದ ಕಿರುದಾರಿಯಲ್ಲೇ ಚಾರಣ ಮಾಡಬೇಕು. ಮೊಣಕಾಲು ನೋವಿನವರಿಗೆ ಮದೈರಾ ಬೇಡವೆಂದು ನಾನು ಮೊದಲು ತೀರ್ಮಾನಿಸಿದ್ದೆ, ಅದು ಪೂರ್ತಿ ಸರಿಯಲ್ಲ. ನೀರು ಹರಿಯುವಷ್ಟೇ ಇಳಿಜಾರು ಇರುವುದರಿಂದ ಈ ದಾರಿಗಳು ಹೆಚ್ಚುಕಡಿಮೆ ಸಮತಟ್ಟಾಗಿರುತ್ತವೆ. ರಿಬೇರೊ ಫ್ರಿಯೊದಿಂದ ಬಾಲ್ಕೊಯೆಸ್ ನೋಟದ ತಾಣಕ್ಕೆ ಹೋಗುವ ಒಂದೂವರೆ ಕಿಲೋಮೀಟರ್ ದಾರಿಯಲ್ಲಿ ಅಮ್ಮ ಕೋಲು ಹಿಡಿದು ಹೋಗಿ ಬಂದರು. ಗುಡ್ಡದಿಂದ ತೋಟಕ್ಕೆ ಅಬ್ಬಿ ನೀರು ತರುವ ಮನೆಯಲ್ಲಿ ಬಾಳಿದ ಅವರು ಕಾಲುವೆಗೆ ಕೈ ಅದ್ದಿ, “ನಮ್ಮ ಅಬ್ಬಿ ಕಾಲುವೆ ಹಾಗೇ ಇದೆಯಲ್ಲೋ, ಇದನ್ನು ಎಷ್ಟು ಚೊಕ್ಕವಾಗಿ ಇಟ್ಟುಕೊಂಡಿದ್ದಾರೆ” ಎಂದರು. ಆದರೆ ರಬಾಸಾಲ್‌ನ ಇಪ್ಪತ್ತೈದು ಚಿಲುಮೆಗಳ ದಾರಿ ಹಾಗಲ್ಲ. ಅದು ಉದ್ದವೂ ಹೌದು, ಇಕ್ಕಟ್ಟೂ ಹೌದು, ಕೆಲವೆಡೆ ಮೆಟ್ಟಿಲುಗಳೂ ಇವೆ. ಅದಕ್ಕೆ ನಾವಿಬ್ಬರೇ ಹೋದೆವು, ಆ ದಿನ ಅಮ್ಮ ಮನೆಯಲ್ಲಿ ಉಳಿದರು. ಏಳು ದಿನಗಳಲ್ಲಿ ಹೀಗೆ ಅವರನ್ನು ಎರಡು ದಿನ ಬಿಟ್ಟುಹೋಗಬೇಕಾಯಿತು. ಸಾವೋ ಮಿಗೆಲ್‌ನಲ್ಲಿ ಒಂದು ದಿನವೂ ಹಾಗಾಗಲಿಲ್ಲ.

ಬಿಸಿನೀರಿನ ವಿಷಯದಲ್ಲಿ ಪೈಪೋಟಿಯೇ ಇಲ್ಲ. ಫುರ್ನಾಸ್ ಊರಿನ ಬೀದಿಯ ಪಕ್ಕದಲ್ಲೇ ನೆಲ ಕುದಿಯುತ್ತದೆ, ಗಂಧಕದ ವಾಸನೆ ಕಾರಿನೊಳಗೂ ಬರುತ್ತದೆ. ಕೆರೆಯ ದಂಡೆಯ ಬಿಸಿ ಮಣ್ಣಿನಲ್ಲಿ ಪಾತ್ರೆ ಹೂತು ಸುಮಾರು ಆರು ಗಂಟೆ ಬೇಯಿಸುವ ಕೊಜೀದೊ ಮಾಂಸದ ಅಡುಗೆಯಾದ್ದರಿಂದ ನಮಗೆ ಅಲ್ಲ. ಕುದಿಯುವ ಚಿಲುಮೆಯಲ್ಲಿ ಬೇಯಿಸಿದ ಜೋಳದ ತೆನೆಯನ್ನು ಮಾತ್ರ ಮೂವರೂ ತೃಪ್ತಿಯಾಗಿ ತಿಂದೆವು. ತೆರ್ರಾ ನೊಸ್ಟ್ರಾ ಉದ್ಯಾನದ ಕೊಳದ ನೀರು ಕಬ್ಬಿಣದ ಅಂಶದಿಂದ ಕಾವಿಯ ಬಣ್ಣಕ್ಕಿದೆ, ಹಿತವಾಗಿ ಬೆಚ್ಚಗಿದೆ. ಅದರ ಕಲೆ ಬಟ್ಟೆಯಿಂದ ಹೋಗುವುದಿಲ್ಲವಾದ್ದರಿಂದ ಹಳೆಯ ಗಾಢ ಬಣ್ಣದ ಉಡುಪನ್ನೇ ಒಯ್ಯಬೇಕು. ಅಲ್ಲಿ ಒಂದು ಗಂಟೆ ಕುಳಿತ ದಿನ ಅಮ್ಮನಿಗೆ ಮೊಣಕಾಲು ನೋವಿಲ್ಲದೆ ನಿದ್ರೆ ಬಂತು. ಪಶ್ಚಿಮ ತುದಿಯ ಫೆರ್ರಾರಿಯಾದಲ್ಲಿ ಬಿಸಿನೀರು ಸಮುದ್ರಕ್ಕೇ ಸೇರುತ್ತದೆ, ಇಳಿತದ ವೇಳೆ ನೋಡಿಕೊಂಡು ಹೋಗದಿದ್ದರೆ ತಣ್ಣೀರೇ ಗತಿ. ಮದೈರಾದಲ್ಲಿ ಇಂತಹ ಚಿಲುಮೆಗಳಿಲ್ಲ. ಪೋರ್ಟೊ ಮೊನಿಜ್‌ನ ಕರಿಯ ಲಾವಾ ಬಂಡೆಗಳ ನಡುವಿನ ಕೊಳಗಳು ಸುಂದರವಾಗಿವೆ, ನೀರು ಮಾತ್ರ ಸಮುದ್ರದ್ದು, ಮೇ ತಿಂಗಳಲ್ಲಿ ಕೊರೆಯುವಂಥದ್ದು.

ಊಟದಲ್ಲಿ ಸಸ್ಯಾಹಾರಿಗಳಿಗೆ ಮದೈರಾ ತುಸು ಸುಲಭ. ಬಿಸಿ ಕಲ್ಲಿನ ಮೇಲೆ ಸುಡುವ, ಗೆಣಸು ಬೆರೆಸಿದ ಬೋಲೊ ದೊ ಕಾಕೊ ರೊಟ್ಟಿ, ಜೋಳದ ಹಿಟ್ಟಿನ ಕರಿದ ತುಂಡುಗಳು ಮತ್ತು ನಮ್ಮ ಏಲಕ್ಕಿ ಬಾಳೆಯನ್ನು ನೆನಪಿಸುವ ಸಣ್ಣ ಬಾಳೆಹಣ್ಣು ಎಲ್ಲ ಕಡೆ ಸಿಕ್ಕವು.

ಹಿರಿಯರನ್ನೋ ಚಿಕ್ಕ ಮಕ್ಕಳನ್ನೋ ಕರೆದುಕೊಂಡು ಹೋಗುವವರಿಗೆ, ಘಟ್ಟದ ರಸ್ತೆಯಲ್ಲಿ ಕಾರು ಓಡಿಸಿ ಅಭ್ಯಾಸವಿಲ್ಲದವರಿಗೆ ನಾನು ಸಾವೋ ಮಿಗೆಲ್ ಎಂದೇ ಹೇಳುತ್ತೇನೆ, ಮತ್ತು ಮೋಡಕ್ಕಾಗಿ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ ಎನ್ನುತ್ತೇನೆ. ದಿನಕ್ಕೆ ಹತ್ತು ಕಿಲೋಮೀಟರ್ ನಡೆಯಬಲ್ಲವರು ಮದೈರಾಕ್ಕೆ ಹೋಗಲಿ. ನಿಜವಾದ ಹಳೆಯ ಕಾಡು ಅಲ್ಲಿದೆ. ಅಲ್ಲಿ ನಾವು ಮಾಡಿದಂತೆ ಇಡೀ ವಾರ ಫುಂಶಾಲ್ ಬಳಿ ಉಳಿದು ದಿನವೂ ಸುರಂಗಗಳಲ್ಲಿ ಓಡಾಡದೆ, ನಾಲ್ಕು ರಾತ್ರಿ ದಕ್ಷಿಣದಲ್ಲಿ, ಮೂರು ರಾತ್ರಿ ಉತ್ತರದ ಸಾವೋ ವಿಸೆಂಟೆ ಅಥವಾ ಸೇಶಾಲ್ ಕಡೆ ಉಳಿಯುವುದು ಮೇಲು. ಗಾಳಿ ಜೋರಾದರೆ ಮದೈರಾದ ವಿಮಾನ ನಿಲ್ದಾಣದಲ್ಲಿ ವಿಮಾನಗಳು ಇಳಿಯಲಾಗದೆ ಹಿಂದಿರುಗುವುದುಂಟಾದ್ದರಿಂದ, ಮರಳಿದ ಮರುದಿನವೇ ಕೆಲಸಕ್ಕೆ ಹಾಜರಾಗಬೇಕಾದಂತೆ ಟಿಕೆಟ್ ಮಾಡಿಸಬೇಡಿ; ನಮ್ಮ ವಿಮಾನ ಹೊರಟದ್ದು ಹನ್ನೊಂದು ಗಂಟೆ ತಡವಾಗಿ.