ಟ್ರಯಥ್ಲಾನಿಗೆ ಈಜು ಕಲಿಯುವಾಗ: ಪುಲ್ ಬಾಯ್, ಫಿನ್ಸ್, ಸ್ನಾರ್ಕೆಲ್, ಕಿಕ್ ಬೋರ್ಡ್‌ಗಳಲ್ಲಿ ಯಾವುದು ಮೇಲು?

ಓಟ ಬರುತ್ತದೆ, ಸೈಕಲ್ ಬರುತ್ತದೆ, ಈಜು ಮಾತ್ರ ದೊಡ್ಡವರಾದ ಮೇಲೆ ಶುರು. ಈಜು, ಸೈಕಲ್, ಓಟ ಒಂದರ ಹಿಂದೊಂದು ನಡೆಯುವ ಟ್ರಯಥ್ಲಾನಿಗೆ ಇಳಿಯುವ ಬಹಳ ಜನರ ಸ್ಥಿತಿ ಇದು. ಇವರಲ್ಲಿ ಎರಡು ದೋಷ ಮತ್ತೆ ಮತ್ತೆ ಕಾಣುತ್ತವೆ: ಕಾಲು ಮುಳುಗುತ್ತದೆ, ಮುಖ ನೀರಿನಲ್ಲಿದ್ದಾಗ ಉಸಿರನ್ನು ಬಿಡದೆ ಬಿಗಿ ಹಿಡಿಯುತ್ತಾರೆ. 25 ಮೀಟರ್ ಕೊಳದಲ್ಲಿ ನಾಲ್ಕೂ ಸಲಕರಣೆ ಬಳಸಿ ನೋಡಿದಾಗ ನಮ್ಮ ಅಳತೆಗೋಲು ಒಂದೇ: ಈ ದೋಷಗಳನ್ನು ತಿದ್ದುವುದು ಯಾವುದು, ಮುಚ್ಚಿಡುವುದು ಯಾವುದು?

ಪುಲ್ ಬಾಯ್ ಎಂಬ ತೇಲುವ ಫೋಮ್ ತುಂಡು ಮುಚ್ಚಿಡುತ್ತದೆ. ತೊಡೆಗಳ ನಡುವೆ ಸಿಕ್ಕಿಸಿದ ಕೂಡಲೇ ಸೊಂಟ ಮೇಲೇಳುತ್ತದೆ, ಏದುಸಿರು ಇಳಿಯುತ್ತದೆ, 200 ಮೀಟರ್ ಸಲೀಸಾಗಿ ಮುಗಿಯುತ್ತದೆ. ತೆಗೆದ ಮರುಗಳಿಗೆಯೇ ಕಾಲು ಮತ್ತೆ ತಳ ಸೇರುತ್ತದೆ. ತಣ್ಣೀರಿನ ದೇಶಗಳಲ್ಲಿ ವೆಟ್‌ಸೂಟ್ (ಮೈ ಬೆಚ್ಚಗಿಡುವ, ತೇಲಿಸುವ ರಬ್ಬರ್ ಉಡುಪು) ಹಾಕಿ ಸ್ಪರ್ಧಿಸುವವರಿಗೆ ಇದು ಅಷ್ಟು ದೊಡ್ಡ ನಷ್ಟವಲ್ಲ. ಆ ಸೂಟೇ ಕಾಲನ್ನು ಎತ್ತಿಹಿಡಿಯುತ್ತದೆ. ಗೋವಾದ ಮಿರಾಮಾರ್ ಕಡಲಿನ ಐರನ್‌ಮ್ಯಾನ್ 70.3 (ಒಟ್ಟು 70.3 ಮೈಲಿಯ ಟ್ರಯಥ್ಲಾನ್) ಸ್ಪರ್ಧೆಯಲ್ಲಿ ಆ ನೆರವು ಸಿಗದು. ಅಲ್ಲಿನ ನೀರು ಬೆಚ್ಚಗೆ, 1.9 ಕಿಲೋಮೀಟರನ್ನು ಬರಿಮೈಯ ತೇಲಿನಲ್ಲೇ ಈಜಬೇಕು. ಉಪ್ಪುನೀರು ಕೊಂಚ ಎತ್ತುತ್ತದೆ, ಅಷ್ಟೆ. ಆದರೆ ತಪ್ಪು ಪತ್ತೆಹಚ್ಚಲು ಪುಲ್ ಬಾಯ್ ಒಳ್ಳೆಯದು. ಅದನ್ನಿಟ್ಟು ಈಜುವಾಗ ಕಾಲು ಹಾವಿನಂತೆ ಹೊರಳಿದರೆ, ಕೈ ತಲೆಯ ಮುಂದೆ ನಡುಗೆರೆ ದಾಟಿ ಬೀಳುತ್ತಿದೆ ಎಂದರ್ಥ. ಕೈಯನ್ನು ಭುಜದ ನೇರಕ್ಕೆ ಚಾಚಿದರೆ ಹೊರಳಾಟ ನಿಲ್ಲುತ್ತದೆ. ಬಾಯ್ ಇಟ್ಟು 100 ಮೀಟರ್, ಇಲ್ಲದೆ 100 ಮೀಟರ್ ಈಜಿ ಸಮಯ ಬರೆದಿಡಿ. ಈ ಅಂತರ ತಿಂಗಳಿಂದ ತಿಂಗಳಿಗೆ ಕುಗ್ಗಬೇಕು. ಒಂದು ದಿನದ ಒಟ್ಟು ದೂರದ ಕಾಲುಭಾಗಕ್ಕಿಂತ ಹೆಚ್ಚು ಇದನ್ನು ಬಳಸದಿರುವುದೇ ಒಳ್ಳೆಯದು.

ನಿಜವಾಗಿ ಕಲಿಸುವುದು ಗಿಡ್ಡ ಫಿನ್ಸ್, ಅಂದರೆ ಪಾದಕ್ಕೆ ತೊಡುವ ರಬ್ಬರ್ ರೆಕ್ಕೆ. ಓಟಗಾರರ ಪಾದದ ಕೀಲು ಬಿಗಿ. ಪಾದ ಹಿಂದಕ್ಕೆ ಚಾಚದೆ ತಳದತ್ತ ಕೊಕ್ಕೆಯಂತೆ ನಿಂತು ನೀರನ್ನು ತಡೆಯುತ್ತದೆ. ಫಿನ್ಸ್ ಪಾದವನ್ನು ಹಿಂದಕ್ಕೆ ಬಾಗಿಸಿ, ಒದೆತ ಮೊಣಕಾಲಿನಿಂದಲ್ಲದೆ ಸೊಂಟದಿಂದ ಹೊರಡುವಂತೆ ಮಾಡುತ್ತದೆ. ಮಾಡುವ ಬಗೆ: ಒಂದು ಕೈ ಮುಂದೆ, ಇನ್ನೊಂದು ತೊಡೆಯ ಮೇಲೆ, ಮೈ ಪಕ್ಕಕ್ಕೆ ವಾಲಿ, ಮುಖ ತಳ ನೋಡುತ್ತಿರಲಿ. ಆರು ಒದೆತ, ಒಂದು ಕೈಬೀಸು, ಮತ್ತೊಂದು ಪಕ್ಕ. ಹೀಗೆ 25 ಮೀಟರ್ ಆರು ಸಲ, ನಡುವೆ 20 ಸೆಕೆಂಡ್ ವಿರಾಮ. ಮುಗಿದ ತಕ್ಷಣ ಫಿನ್ಸ್ ಬಿಚ್ಚಿ 25 ಮೀಟರ್ ಎರಡು ಸಲ ಮಾಮೂಲಿ ಫ್ರೀಸ್ಟೈಲ್. ಈ ಕೊನೆಯ ಹೆಜ್ಜೆ ಬಿಟ್ಟರೆ ಫಿನ್ಸ್ ಕೂಡ ಊರುಗೋಲೇ. ಸ್ಕೂಬಾದವರ ಉದ್ದ ಫಿನ್ಸ್ ಬೇಡ, ಅದು ಒದೆತದ ಲಯವನ್ನೇ ನಿಧಾನವಾಗಿಸುತ್ತದೆ. ಮೀನಖಂಡ ಹಿಡಿದುಕೊಂಡರೆ ಕಾಲ್ಬೆರಳು ಬಿಗಿದಿದ್ದೀರಿ ಎಂದೇ ತಿಳಿಯಿರಿ. ಗೋಡೆಗೆ ಪಾದ ಒತ್ತಿ ಎಳೆತ ಕೊಟ್ಟು, 100 ಮೀಟರ್ ಬರಿಗಾಲಲ್ಲಿ ಈಜಿ ಮುಂದುವರಿಯಿರಿ. ಹಿಮ್ಮಡಿ ಸುಲಿದರೆ ತೆಳು ಕಾಲುಚೀಲ. ಮನೆಯಲ್ಲಿ ದಿನಾ ಎರಡು ಮೂರು ನಿಮಿಷ ವಜ್ರಾಸನದಲ್ಲಿ ಕುಳಿತರೆ ಕೀಲು ಮೆಲ್ಲಗೆ ಸಡಿಲಾಗುತ್ತದೆ. ಮೊಣಕಾಲು ನೋಯುವವರು ಇದನ್ನು ಬಿಡಿ.

ಮುಖದ ನಡುವೆ ನಿಲ್ಲುವ ಉಸಿರಾಟದ ಕೊಳವೆ, ಸ್ನಾರ್ಕೆಲ್‌ಗೆ ಎರಡನೇ ಸ್ಥಾನ. ತಲೆ ತಿರುಗಿಸುವ ಚಿಂತೆಯಿಲ್ಲದ್ದರಿಂದ ಕೈ ನೀರು ಹಿಡಿಯುವ ರೀತಿ ಕಣ್ಣಿಗೆ ಕಾಣುತ್ತದೆ. ಮೊದಲ ದಿನ ಮೂಗಿಗೆ ನೀರು ನುಗ್ಗಿ ಗಾಬರಿಯಾಗುವುದು ಸಾಮಾನ್ಯ. ಆಳವಿಲ್ಲದ ಕಡೆ ನಿಂತು, ಮುಖ ಮುಳುಗಿಸಿ, ಬಾಯಲ್ಲಿ ಎಳೆದು ಮೂಗಿನಲ್ಲಿ ಬಿಡುವುದನ್ನು ರೂಢಿಸಿಕೊಳ್ಳಿ, ಅದು ಆಗದಿದ್ದರೆ ಮೂಗಿನ ಕ್ಲಿಪ್ ಹಾಕಿ ಬಾಯಲ್ಲೇ ಬಿಡಿ. ಕೊರತೆಯೂ ಸ್ಪಷ್ಟ: ಪಕ್ಕಕ್ಕೆ ತಿರುಗಿ ಉಸಿರೆಳೆಯುವುದನ್ನು ಇದು ಕಲಿಸುವುದಿಲ್ಲ. ವಾರಕ್ಕೊಮ್ಮೆ, 50 ಮೀಟರ್ ನಾಲ್ಕು ಸಲ ಸಾಕು.

ಕೈಯಲ್ಲಿ ಹಿಡಿದು ಕಾಲು ಒದೆಯುವ ತೇಲು ಹಲಗೆ, ಕಿಕ್ ಬೋರ್ಡ್ ಕೊಳ್ಳಬೇಡಿ. ಅದನ್ನು ಹಿಡಿದಾಗ ತಲೆ ಮೇಲೇಳುತ್ತದೆ, ಸೊಂಟ ಕುಸಿಯುತ್ತದೆ, ಬೆನ್ನು ನೋಯುತ್ತದೆ. ಬಿಗಿ ಕೀಲಿನವರು ಒದ್ದಷ್ಟೂ ನಿಂತಲ್ಲೇ ನಿಲ್ಲುತ್ತಾರೆ. ಮುಂದೆ ಸೈಕಲ್ ಇರುವವರು ತೊಡೆಯ ಶಕ್ತಿಯನ್ನು ನೀರಿನಲ್ಲಿ ಸುರಿಯಬೇಕಾದ್ದೂ ಇಲ್ಲ.

ಸ್ಪರ್ಧೆಯಲ್ಲಿ ಪುಲ್ ಬಾಯ್, ಫಿನ್ಸ್, ಕಿಕ್ ಬೋರ್ಡ್‌ಗಳಿಗೆ ಅವಕಾಶವಿಲ್ಲ. ಕೊನೆಯ ಮೂರು ವಾರ ಎಲ್ಲವನ್ನೂ ಚೀಲದಲ್ಲೇ ಬಿಟ್ಟು, ಪ್ರತಿ ಎಂಟು ಹತ್ತು ಕೈಬೀಸಿಗೆ ಕಣ್ಣಷ್ಟನ್ನೇ ನೀರಿನ ಮೇಲೆತ್ತಿ ಗುರುತು ನೋಡುತ್ತ ಈಜಿ. ಆಗ ಕಾಲು ಮುಳುಗಿದರೆ, ಕಣ್ಣಿನ ಬದಲು ಇಡೀ ತಲೆ ಎತ್ತುತ್ತಿದ್ದೀರಿ.