ಗುಂಡು ಲೂಮ್, ಉದ್ದ ಲೂಮ್, ಮೊಳೆ ಹಲಗೆ: ಬಳ್ಳಾರಿ ಬಿಸಿಲಿಗೆ ಯಾವುದು?

ಬಳ್ಳಾರಿಯಲ್ಲಿ ಕೂತು ಉಲ್ಲನ್ ಟೋಪಿ ಹೆಣೆಯುತ್ತೇನೆ ಅಂದರೆ ನಗದವರಿಲ್ಲ. ನಮ್ಮೂರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅನ್ನುವ ಜೋಕು ಹಳೆಯದು. ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುವ ಊರಲ್ಲಿ ಅದನ್ನು ಜೋಕು ಅನ್ನುವುದೂ ಕಷ್ಟ. ಲೂಮ್ ಹೆಣಿಗೆ ಅಂದರೆ ಕಡ್ಡಿಯ ಬದಲು ಸಾಲು ಗೂಟಗಳಿಗೆ ದಾರ ಸುತ್ತಿ ಹೆಣೆಯುವುದು; ಅದನ್ನು ಕಲಿಸುವ ವಿಡಿಯೊಗಳಲ್ಲಿ ಹೆಚ್ಚಿನವು ಚಳಿ ದೇಶದವರವು. ಮೊದಲು ಟೋಪಿ, ಆಮೇಲೆ ಮಫ್ಲರ್, ಆಮೇಲೆ ಇನ್ನೊಂದು ಟೋಪಿ. ಯಾವ ಲೂಮ್ ಒಳ್ಳೆಯದು ಅನ್ನುವ ಅವರ ಲೆಕ್ಕ ನಮಗೆ ಹೊಂದುವುದಿಲ್ಲ.

ನನ್ನ ಹತ್ತಿರ ಮೂರು ಬಗೆ ಇವೆ. ಪ್ಲಾಸ್ಟಿಕ್ಕಿನ ಗುಂಡು ಲೂಮುಗಳ ಸೆಟ್, ಒಂದು ಉದ್ದ ಲೂಮ್, ಮತ್ತೆ ಬಡಿಗೇರರ ಹತ್ತಿರ ಮಾಡಿಸಿದ ಮೊಳೆ ಹಲಗೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಕಲಿಯುವುದಕ್ಕೆ ಗುಂಡು ಲೂಮ್, ಬಳಸುವುದಕ್ಕೆ ಮೊಳೆ ಹಲಗೆ. ಉದ್ದ ಲೂಮನ್ನು ಯಾರಾದರೂ ಉಡುಗೊರೆ ಕೊಟ್ಟರೆ ಬೇಡ ಅನ್ನಬೇಡಿ, ದುಡ್ಡು ಕೊಟ್ಟು ಮಾತ್ರ ತರಬೇಡಿ.

ಕೊಪ್ಪಳದ ಭಾಗ್ಯನಗರದಲ್ಲಿ ನೇಕಾರರು ಸೀರೆ ನೇಯುವ ಮಗ್ಗಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಅಲ್ಲಿ ಹಾಸು, ಹೊಕ್ಕು ಎರಡು ಬೇಕು. ಇಲ್ಲಿ ಇರುವುದು ಒಂದೇ ದಾರ. ಅದನ್ನು ಸಾಲಾಗಿ ನಿಂತ ಗೂಟಗಳಿಗೆ ಸುತ್ತಬೇಕು, ಇನ್ನೊಂದು ಸುತ್ತು ಮೇಲೆ ಹಾಕಬೇಕು, ಕೊಕ್ಕೆಯಿಂದ ಕೆಳಗಿನ ಕುಣಿಕೆಯನ್ನು ಎತ್ತಿ ಗೂಟದ ತಲೆಯ ಮೇಲಿಂದ ಹಿಂದಕ್ಕೆ ದಾಟಿಸಬೇಕು. ಕಡ್ಡಿ ಹಿಡಿದು ಸ್ವೆಟರ್ ಹಾಕುವವರು ಮಾಡುವುದೂ ಇದನ್ನೇ. ಇಲ್ಲಿ ಕುಣಿಕೆ ಜಾರಿ ಬೀಳುವ ಭಯ ಕಡಿಮೆ, ಅಷ್ಟೇ. ಬೆರಳು ಗಂಟು ನೋಯುವವರಿಗೂ ಕಡ್ಡಿಗಿಂತ ಇದು ಮೇಲು.

ನನ್ನ ಸೆಟ್ಟಿನ ಬಳೆಗಳಲ್ಲಿ 24, 31, 36, 41 ಗೂಟಗಳಿವೆ. ಗೂಟದಿಂದ ಗೂಟಕ್ಕೆ ಹತ್ತಿರ ಹತ್ತಿರ ಮುಕ್ಕಾಲು ಇಂಚು. ಅಂತರ ಇಷ್ಟು ಇರುವುದರಿಂದ ಒಂದೆಳೆ ದಾರ ಹಾಕಿದರೆ ಜಾಳುಜಾಳಾಗುತ್ತದೆ, ಎರಡೆಳೆ ಕೂಡಿಸಿ ಹಿಡಿಯಬೇಕು. ನಮ್ಮೂರಲ್ಲಿ ಉಲ್ಲನ್ ಟೋಪಿ ನಿಜವಾಗಿ ಬೇಕಾಗುವುದು ಒಬ್ಬರಿಗೇ, ಆಗ ಹುಟ್ಟಿದ ಕೂಸಿಗೆ. ತೊಟ್ಟಿಲಿಗೆ ಹಾಕುವ ದಿನ ಕುಲಾವಿ ಇಲ್ಲದಿದ್ದರೆ ಅಜ್ಜಿಯಂದಿರು ಬಿಡುವುದೂ ಇಲ್ಲ. ಅದಕ್ಕೆ 24 ಗೂಟದ ಬಳೆ ಹೇಳಿ ಮಾಡಿಸಿದ್ದು. ಹುಟ್ಟಿದ ಕೂಸಿನ ತಲೆ ಸುತ್ತಳತೆ ಸುಮಾರು 35 ಸೆಂಟಿಮೀಟರ್, ಅಂದರೆ 14 ಇಂಚಿಗೆ ಸ್ವಲ್ಪ ಕಡಿಮೆ. ನನ್ನ ಕೈಗೆ ಎರಡೆಳೆ ಕೃತಕ ಉಲ್ಲನ್, ಅಂದರೆ ಅಕ್ರಿಲಿಕ್‌ನಲ್ಲಿ ಇಂಚಿಗೆ ಎರಡು ಕುಣಿಕೆ ಬರುತ್ತವೆ, 24 ಗೂಟಕ್ಕೆ 12 ಇಂಚು. ಹೆಣಿಗೆ ಹಿಗ್ಗುವುದರಿಂದ ತಲೆಗಿಂತ ಒಂದೆರಡು ಇಂಚು ಚಿಕ್ಕದಿದ್ದರೇ ಕುಲಾವಿ ಕೂರುವುದು. ಕೊನೆಗೆ ಎಲ್ಲ ಕುಣಿಕೆಗಳಲ್ಲೂ ದಾರ ಪೋಣಿಸಿ ಗೂಟದಿಂದ ಬಿಡಿಸಿ, ಎಲೆಅಡಿಕೆ ಚೀಲದ ಬಾಯಿ ಬಿಗಿದ ಹಾಗೆ ಎಳೆದರೆ ನೆತ್ತಿ ಮುಚ್ಚಿಕೊಳ್ಳುತ್ತದೆ. ಒಂದು ಮಧ್ಯಾಹ್ನದ ಕೆಲಸ.

ಆದರೆ ಈ 12 ಇಂಚಿನ ಲೆಕ್ಕ ಒಂದು ಹೆಣಿಗೆಗೆ ಮಾತ್ರ. ಲೂಮಿಗಿಂತ ಹೆಚ್ಚು ಹೋಲಿಸಿ ನೋಡಬೇಕಾದ್ದು ಹೆಣಿಗೆಗಳನ್ನು.

ಆ ಲೆಕ್ಕ ಹಾಕಿದ್ದು ಎಲ್ಲರೂ ಮೊದಲು ಕಲಿಯುವ ಹೆಣಿಗೆಗೆ, ಇ-ರ್ಯಾಪ್. ಗೂಟದ ಸುತ್ತ ಪೂರ್ತಿ ಒಂದು ಸುತ್ತು. ಸಡಿಲ, ಕೊಕ್ಕೆ ಸಲೀಸಾಗಿ ಒಳಗೆ ಹೋಗುತ್ತದೆ, ಬೇಗ ಬೆಳೆಯುತ್ತದೆ. ಪ್ರತಿ ಕುಣಿಕೆಯ ಬುಡದಲ್ಲಿ ದಾರ ಒಂದರ ಮೇಲೊಂದು ಹಾದು ತಿರುಚಿಕೊಂಡಿರುವುದರಿಂದ ಬಟ್ಟೆ ದಪ್ಪ, ದಾರದ ಖರ್ಚೂ ಹೆಚ್ಚು. ಫ್ಲಾಟ್ ಅನ್ನುವುದರಲ್ಲಿ ಸುತ್ತುವುದೇ ಇಲ್ಲ. ದಾರವನ್ನು ಗೂಟದ ಮುಂದೆ ಅಡ್ಡ ಇಟ್ಟು ಕೆಳಗಿನ ಕುಣಿಕೆಯನ್ನು ಅದರ ಮೇಲಿಂದ ದಾಟಿಸಿಬಿಡುವುದು. ದಾರ ಉಳಿಯುತ್ತದೆ, ಕಡ್ಡಿಯಲ್ಲಿ ಹಾಕಿದಂತೆಯೇ ನೀಟಾಗಿ ಕಾಣುತ್ತದೆ. ಆದರೆ ಸಾಲು ಸಾಲಿಗೂ ಬಿಗಿಯಾಗುತ್ತ ಹೋಗಿ ಹತ್ತನೇ ಸಾಲಿಗೆ ಕೊಕ್ಕೆ ಒಳಗೆ ಹೋಗಲು ಒಲ್ಲೆ ಅನ್ನುತ್ತದೆ. ಅದೇ 24 ಗೂಟ, ಅದೇ ದಾರ, ಹೆಣಿಗೆ ಮಾತ್ರ ಫ್ಲಾಟ್ ಮಾಡಿದರೆ ಕುಲಾವಿ ಕೂಸಿಗಲ್ಲ, ಗೊಂಬೆಗೆ ಆಗುತ್ತದೆ. ಇವೆರಡರ ನಡುವೆ ಯು-ರ್ಯಾಪ್ ಇದೆ. ದಾರವನ್ನು ಗೂಟದ ಮುಂದಿನಿಂದ ತಂದು ಪಕ್ಕದಲ್ಲಿ ಹಿಂದಕ್ಕೆ ಬಳಸುವುದು, ಪೂರ್ತಿ ಸುತ್ತು ಹಾಕದೆ. ನೋಟ ಫ್ಲಾಟ್‌ನದೇ, ಕೈಗೆ ಮಾತ್ರ ಅಷ್ಟು ಬಿಗಿ ಇಲ್ಲ. ಕುಲಾವಿ ಬಿಟ್ಟು ಉಳಿದದ್ದಕ್ಕೆಲ್ಲ ನಾನು ಈಗ ಹಾಕುವುದು ಇದನ್ನೇ.

ಇವು ಮೂರೂ ಸೀದಾ ಹೆಣಿಗೆಗಳು, ಮುಂದಿನ ಮುಖ ನಯವಾಗಿ ಬರುವಂಥವು. ಮುಂದಿನ ಮುಖದಲ್ಲಿ ಗೀರು ಬೀಳುವ ಉಲ್ಟಾ ಬಂದಾಗ ಲೂಮಿನ ಸುಖ ಮುಗಿಯಿತು. ದಾರವನ್ನು ಕುಣಿಕೆಯ ಕೆಳಗೆ ಹಿಡಿದು, ಕೊಕ್ಕೆಯನ್ನು ಮೇಲಿನಿಂದ ಕುಣಿಕೆಯೊಳಗೆ ಇಳಿಸಿ, ದಾರವನ್ನು ಮೇಲಕ್ಕೆ ಎಳೆದು, ಹಳೆಯ ಕುಣಿಕೆಯನ್ನು ಗೂಟದಿಂದ ತೆಗೆದು, ಹೊಸದನ್ನು ಅಲ್ಲಿ ಹಾಕಬೇಕು. ಒಂದೊಂದು ಗೂಟಕ್ಕೂ ಇಷ್ಟು. ಇಲ್ಲೇ ಅರ್ಧ ಜನ ಲೂಮನ್ನು ಅಟ್ಟಕ್ಕೆ ಹಾಕುವುದು.

ನಮ್ಮ ಅತ್ತೆಯವರು ಕಡ್ಡಿಯ ಕೈ. ನಾನು ಹಲಗೆಯಲ್ಲಿ ಹೆಣೆದ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: "ಎಲ್ಲಾ ಸಾಲು ಸೀದಾ ಹಾಕೀನಿ ಅಂತೀ, ಮತ್ತ ಗೀರು ಬೀಳಬೇಕಲ್ಲವಾ? ಇದ್ಯಾಕ ಸಪಾಟ ಐತಿ?"

"ಅತ್ತಿ, ನೀವು ಒಂದು ಸಾಲು ಮುಗದ ಕೂಡ್ಲೇ ಕಡ್ಡಿ ಈ ಕಡಿಂದ ಆ ಕಡಿಗೆ ತಿರುವ್ತೀರಿ. ಇಲ್ಲಿ ಮುಖ ತಿರುಗಂಗಿಲ್ಲ ನೋಡ್ರಿ."

"ಹಂಗಾರ ಗೀರು ಬೇಕಂದ್ರ ಒಂದು ಸಾಲು ಬಿಟ್ಟು ಒಂದು ಸಾಲು ಉಲ್ಟಾ ಹಾಕ್ಬೇಕು! ಅಷ್ಟು ಯಾರು ಕುಂದರ್ತಾರ?"

ಕಡ್ಡಿಗೂ ಲೂಮಿಗೂ ಇರುವ ಮುಖ್ಯ ವ್ಯತ್ಯಾಸವನ್ನು ಅವರು ಅಲ್ಲೇ ಹಿಡಿದುಬಿಟ್ಟರು. ಎರಡು ಕಡ್ಡಿಯಲ್ಲಿ ಎಲ್ಲಕ್ಕಿಂತ ಸುಲಭವಾದ ಗೀರು ಹೆಣಿಗೆ ಲೂಮಿನಲ್ಲಿ ನಿಧಾನ. ಕಡ್ಡಿಯಲ್ಲಿ ಸಾಲು ಬಿಟ್ಟು ಸಾಲು ಉಲ್ಟಾ ಬೇಡುವ ಸಪಾಟು ಹೆಣಿಗೆ ಲೂಮಿನಲ್ಲಿ ಕಣ್ಣು ಮುಚ್ಚಿ ಬರುತ್ತದೆ. ಆದರೆ ಸಪಾಟು ಹೆಣಿಗೆಗೆ ಸುರುಳಿ ಸುತ್ತಿಕೊಳ್ಳುವ ಚಾಳಿ ಇದೆ. ಪಕ್ಕದ ಅಂಚುಗಳು ಹಿಂದಕ್ಕೆ, ಮೇಲು ಕೆಳಗಿನವು ಮುಂದಕ್ಕೆ. ಇಸ್ತ್ರಿ ಹೊಡೆದರೂ ಬಗ್ಗುವುದಿಲ್ಲ. ಅಂಚಿನ ಮೂರು ನಾಲ್ಕು ಗೂಟಗಳಲ್ಲಿ ಉಲ್ಟಾ ಬೆರೆಸಲೇಬೇಕು. ಎಲ್ಲಿ ಉಲ್ಟಾ ಅನ್ನುವುದು ಮರೆಯದಂತೆ ಆ ಗೂಟಗಳಿಗೆ ಉಗುರುಬಣ್ಣ ಹಚ್ಚಿಕೊಳ್ಳಿ.

ಗೂಟಗಳ ಸಂಖ್ಯೆಯಲ್ಲೂ ಒಂದು ಮಜಾ ಇದೆ. 24 ಮತ್ತು 36 ನಾಲ್ಕರಿಂದ ಭಾಗವಾಗುತ್ತವೆ, ಆದ್ದರಿಂದ ಎರಡು ಸೀದಾ ಎರಡು ಉಲ್ಟಾ ರಿಬ್ (ಉದ್ದುದ್ದ ಪಟ್ಟೆಯ ಹೆಣಿಗೆ) ಅವುಗಳಲ್ಲಿ ಸರಿಯಾಗಿ ಕೂಡಿಕೊಳ್ಳುತ್ತದೆ. 31 ಮತ್ತು 41ರಲ್ಲಿ ಯಾವ ರಿಬ್ಬೂ ಕೂಡದು, ಸುತ್ತು ಮುಗಿಯುವ ಕಡೆ ಸೊಟ್ಟಗಾಗುತ್ತದೆ. ಇದಕ್ಕೇ ಜನ ಆ ಬಳೆಗಳನ್ನು ಬೈಯುವುದು. ಆದರೆ ಒಂದು ಸೀದಾ ಒಂದು ಉಲ್ಟಾ ಅಂತ ನಿಲ್ಲದೆ ಸುತ್ತುತ್ತ ಹೋಗಿ ನೋಡಿ: ಬೆಸ ಸಂಖ್ಯೆಯಾದ್ದರಿಂದ ಎರಡನೇ ಸುತ್ತಿನಲ್ಲಿ ಸೀದಾದ ಮೇಲೆ ಉಲ್ಟಾ, ಉಲ್ಟಾದ ಮೇಲೆ ಸೀದಾ ತಾನಾಗಿ ಬಂದು ಕೂರುತ್ತದೆ. ಕಾಳು ಚೆಲ್ಲಿದಂಥ ಸೀಡ್ ಸ್ಟಿಚ್ ಎಣಿಕೆಯೇ ಇಲ್ಲದೆ ಸಿದ್ಧ. ಅದು ಸುರುಳಿಯೂ ಸುತ್ತುವುದಿಲ್ಲ.

ಉದ್ದ ಲೂಮಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎದುರುಬದುರು ಎರಡು ಸಾಲು ಗೂಟ, ದಾರವನ್ನು ಆಚೆ ಈಚೆ ಹಾವಾಡಿಸಿ ಹೆಣೆದರೆ ಎರಡೂ ಮುಖ ಒಂದೇ ತರಹ ಇರುವ, ಅಂಚು ಸುತ್ತಿಕೊಳ್ಳದ ದಪ್ಪ ಬಟ್ಟೆ ಬರುತ್ತದೆ. ಬಹಳ ಚಂದ. ಶಿಮ್ಲಾದಲ್ಲಿ ಮಗಳನ್ನು ಕೊಟ್ಟವರು ಬೇಕಾದರೆ ಹೆಣೆಯಲಿ. ಇಲ್ಲಿ ಆ ಮಫ್ಲರನ್ನು ಯಾರ ಕೊರಳಿಗೆ ಹಾಕುವುದು? ಒಂದೇ ಬದಿಯ ಗೂಟ ಬಳಸಿ ಚಪ್ಪಟೆ ತುಂಡು ಹೆಣೆಯಬಹುದು ನಿಜ, ಅದನ್ನು ಹಲಗೆಯೇ ಇನ್ನೂ ಚೆನ್ನಾಗಿ ಮಾಡುತ್ತದೆ.

ಹಲಗೆ ಮಾಡಿಸುವುದು ಸುಲಭ. ಎರಡು ಬೆರಳಗಲದ ಗಟ್ಟಿ ಮರದ ಪಟ್ಟಿ, ಅದರ ಮೇಲೆ ಸೆಂಟಿಮೀಟರಿಗೊಂದರಂತೆ ಸಣ್ಣ ತಲೆಯ ಮೊಳೆ. ತಲೆ ದೊಡ್ಡದಿದ್ದರೆ ಕುಣಿಕೆ ಸಿಕ್ಕಿಕೊಳ್ಳುತ್ತದೆ, ತಲೆಯೇ ಇಲ್ಲದಿದ್ದರೆ ಜಾರುತ್ತದೆ. ಅಂತರ ಕಡಿಮೆ ಇರುವುದರಿಂದ ಇಲ್ಲಿ ಒಂದೆಳೆ ದಾರವೇ ಸಾಕು. ಬಟ್ಟೆ ತೆಳು, ಒತ್ತಾಗಿ ಬರುತ್ತದೆ. ಕಷ್ಟವೂ ಇದೆ. ಪ್ಲಾಸ್ಟಿಕ್ ಗೂಟಕ್ಕೆ ಕೊಕ್ಕೆ ಇಳಿಯಲೆಂದು ಉದ್ದಕ್ಕೆ ಒಂದು ಸೀಳು ಇರುತ್ತದೆ, ಮೊಳೆಗೆ ಅದಿಲ್ಲ. ಲೂಮ್ ಕೊಕ್ಕೆ ಬಿಟ್ಟು ಸಣ್ಣ ಕ್ರೋಶಾ ಕಡ್ಡಿ ಹಿಡಿಯಬೇಕು. ಬಿಗಿ ಕೈಯವರಾದರೆ ಮೊಳೆ ಒಳಕ್ಕೆ ವಾಲುತ್ತದೆ.

ಬಳ್ಳಾರಿಯ ಬಾಳಿಗೆ ಬೇಕಾದದ್ದು ಹತ್ತಿ ದಾರ, ಅದಕ್ಕೆ ಒಗ್ಗುವುದು ಈ ಹಲಗೆ. ಅಕ್ರಿಲಿಕ್ ಹಿಗ್ಗುತ್ತದೆ, ಗೂಟ ದಾಟಿಸುವಾಗ ಕೈಗೆ ಹಿತ. ಹತ್ತಿ ಹಿಗ್ಗುವುದಿಲ್ಲ, ಮೊದಮೊದಲು ಬೆರಳ ತುದಿ ನೋಯುತ್ತದೆ, ನೆನೆದರೆ ಭಾರ. ಆದರೆ ಬೆವರು ಹೀರುತ್ತದೆ, ಮೈ ಉಜ್ಜುವ ಅರಿವೆಗೆ ಅದೇ ಬೇಕು. ಒಲೆ ಮೇಲಿನ ಪಾತ್ರೆ ಹಿಡಿಯುವ ಬಟ್ಟೆಗಂತೂ ಅಕ್ರಿಲಿಕ್ ಬೇಡವೇ ಬೇಡ, ಬೆಂಕಿ ತಗುಲಿದರೆ ಕರಗಿ ಕೈಗೆ ಅಂಟುತ್ತದೆ. ಹತ್ತಿಯನ್ನು ಎರಡೆಳೆ ಮಾಡಿ ಸೀಡ್ ಸ್ಟಿಚ್‌ನಲ್ಲಿ ಹೆಣೆದ ತುಂಡು ನಮ್ಮ ಮನೆಯಲ್ಲಿ ರೊಟ್ಟಿ ಹಂಚು ಇಳಿಸುತ್ತದೆ. ಖಾಲಿ ದಾರದ ಉರುಳೆಗೆ ನಾಲ್ಕು ಮೊಳೆ ಹೊಡೆದು ಹಗ್ಗದಂತೆ ಉದ್ದಕ್ಕೆ ಹೆಣೆದು ಸುತ್ತಿ ಹೊಲಿದರೆ ಗಡಿಗೆ ಇಡುವ ಸಿಂಬಿಯೂ ಆಯಿತು.

ಜೀನ್ಸ್ ಹೊಲಿಯುವ ಊರಲ್ಲವೇ, ಚಿಂದಿಗೆ ಬರವಿಲ್ಲ. ಜೀನ್ಸ್ ಬಟ್ಟೆಯ ಪಟ್ಟಿ ಗೂಟ ದಾಟುವುದಿಲ್ಲ, ಅಂಚು ಬಿಚ್ಚಿ ನೂಲು ಉದುರುತ್ತದೆ. ಹಳೆಯ ಟೀ ಶರ್ಟ್, ಬನಿಯನ್ ಕತ್ತರಿಸಿದ ಪಟ್ಟಿ ಮಾತ್ರ ದೊಡ್ಡ ಗೂಟದ ಬಳೆಗೆ ಚೆನ್ನಾಗಿ ಒಗ್ಗುತ್ತದೆ, ಬಾಗಿಲ ಮುಂದಿನ ಕಾಲೊರಸಿಗೆ ಒಳ್ಳೆಯದು. ಕಂಬಳಿಯ ಕರಿ ಉಣ್ಣೆ ದಾರವನ್ನೂ ಗೂಟಕ್ಕೆ ಹಾಕಿ ನೋಡಿದ್ದೇನೆ. ಒರಟು, ಚುಚ್ಚುತ್ತದೆ, ಕೂಸಿನ ಹತ್ತಿರವೂ ತರುವಂತಿಲ್ಲ. ಕುರುಬರು ಹುಣಸೆ ಬೀಜದ ಗಂಜಿ ಹಾಕಿ ಅದನ್ನು ಕಂಬಳಿಯಾಗಿ ನೇಯುವುದೇ ಅದಕ್ಕೆ ಸರಿ.

ಹೊಸ ಹೆಣಿಗೆ ಕಲಿಯುವ ಚಟ ಹತ್ತಿದವರು ಸೀಡ್ ಆದ ಮೇಲೆ ಬಾಸ್ಕೆಟ್ ಹಿಡಿಯಿರಿ: ನಾಲ್ಕು ಗೂಟ ಸೀದಾ, ನಾಲ್ಕು ಉಲ್ಟಾ, ನಾಲ್ಕು ಸಾಲಿಗೊಮ್ಮೆ ಅದಲು ಬದಲು. ಆಮೇಲೆ ಜಡೆಯಂತೆ ಕಾಣುವ ಕೇಬಲ್ಲಿಗೂ ತೂತು ತೂತಿನ ಜಾಲರಿಗೂ ಪೈಪೋಟಿ. ಕೇಬಲ್‌ನಲ್ಲಿ ಎರಡು ಕುಣಿಕೆಗಳನ್ನು ಪಕ್ಕದ ಎರಡರ ಮೇಲೆ ದಾಟಿಸಬೇಕು, ಹತ್ತಿ ಅಷ್ಟು ಹಿಗ್ಗದು. ಅದನ್ನು ಅಕ್ರಿಲಿಕ್ ಮತ್ತು ಗುಂಡು ಲೂಮಿಗೆ ಬಿಡಿ. ಜಾಲರಿಯಲ್ಲಿ ಒಂದು ಕುಣಿಕೆಯನ್ನು ಪಕ್ಕದ ಮೊಳೆಗೆ ಏರಿಸಿ, ಖಾಲಿಯಾದ ಮೊಳೆಗೆ ಬರೀ ದಾರ ಸುತ್ತಿ ಮುಂದೆ ಹೋದರಾಯಿತು. ಅಲ್ಲೊಂದು ತೂತು ಬೀಳುತ್ತದೆ. ಹತ್ತಿಯಲ್ಲಿ ಆ ತೂತು ಒಗೆದ ಮೇಲೂ ಹಾಗೇ ನಿಲ್ಲುತ್ತದೆ, ಗಾಳಿಯೂ ಆಡುತ್ತದೆ. ಬೇಸಿಗೆಯಲ್ಲಿ ಹುಟ್ಟುವ ಕೂಸುಗಳ ಕುಂಚಿಗೆಯನ್ನು ಈಗ ಹೀಗೇ ಹೆಣೆಯುತ್ತಿದ್ದೇನೆ.