ಅಂಬಾಲಾದ ಮೈಕ್ರೋಸ್ಕೋಪು, ನಮ್ಮನೆ ದಾರಂದದ ಒರಲೆ: ಎಂಟು ತಿಂಗಳು ಬಳಸಿದ ಮೇಲೆ

ನಾನು ಮೇಷ್ಟ್ರಲ್ಲ, ಮೊದಲೇ ಹೇಳಿಬಿಡುತ್ತೇನೆ. ಶಿರಸಿ ಕಡೆಯ ಒಂದು ಪಿಯು ಕಾಲೇಜಿನ ಜೀವಶಾಸ್ತ್ರ ಲ್ಯಾಬಿನಲ್ಲಿ 31 ವರ್ಷ ಅಟೆಂಡರ್ ಆಗಿದ್ದವನು. ಬೀರುವಿನಿಂದ ಮೈಕ್ರೋಸ್ಕೋಪು ತೆಗೆದು ಮೇಜಿಗಿಡುವುದು, ಲೆನ್ಸ್ ಒರೆಸುವುದು, ಮಕ್ಕಳು ಒಡೆದ ಸ್ಲೈಡಿನ ಲೆಕ್ಕ ಬರೆಯುವುದು ನನ್ನ ಕೆಲಸ. ಕಣ್ಣಿಟ್ಟು ನೋಡುವುದು ಬೇರೆಯವರ ಕೆಲಸ. ಸಂಜೆ ಬೀಗ ಹಾಕುವ ಮುಂಚೆ ಐದು ನಿಮಿಷ ಕದ್ದು ನೋಡಿದ್ದುಂಟು, ಅಷ್ಟೇ. ಹಾಗಾಗಿ ನಿವೃತ್ತಿಯ ದುಡ್ಡು ಕೈಗೆ ಬಂದಾಗ ಮಗ ಸ್ಮಾರ್ಟ್ ಟಿವಿ ಅಂದ, ನಾನು ಮೈಕ್ರೋಸ್ಕೋಪು ಅಂದೆ. ಮನೆಯಾಕೆ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಏನರ್ಥ ಅಂತ ಸಂಸಾರಸ್ಥರಿಗೆ ಗೊತ್ತಿರುತ್ತದೆ.

ತೆಗೆದುಕೊಂಡದ್ದು ಹರಿಯಾಣದ ಅಂಬಾಲಾದಲ್ಲಿ ತಯಾರಾಗುವ ಸಾದಾ ಸ್ಟೂಡೆಂಟ್ ಮೈಕ್ರೋಸ್ಕೋಪು. ಶಾಲೆ-ಕಾಲೇಜಿನ ಲ್ಯಾಬ್ ಸಾಮಾನು ಎಷ್ಟೋ ಆ ಊರಿನದ್ದೇ. ಕಂಪನಿ ಹೆಸರು ಕೇಳಬೇಡಿ. ಅದೇ ಕಬ್ಬಿಣಕ್ಕೆ ಒಬ್ಬೊಬ್ಬ ಡೀಲರು ಒಂದೊಂದು ಸ್ಟಿಕ್ಕರು ಅಂಟಿಸುತ್ತಾನೆ. ಒಂಟಿ ಕಣ್ಣಿನದ್ದು, 10 ಮತ್ತು 15 ಪಟ್ಟಿನ ಎರಡು ಐಪೀಸು, ಕೆಳಗೆ 10, 40, 100ರ ಮೂರು ಲೆನ್ಸು, ಬೆಳಕಿಗೆ ಒಂದು ಕಡೆ ಕನ್ನಡಿ, ಒಂದು ಕಡೆ ಎಲ್‌ಇಡಿ. ಮರದ ಪೆಟ್ಟಿಗೆ ಸೇರಿ 7,400 ರೂಪಾಯಿ.

ಬೈಯುವುದನ್ನು ಮೊದಲು ಮುಗಿಸುತ್ತೇನೆ. ಎಲ್‌ಇಡಿ ಮೂರನೇ ತಿಂಗಳಿಗೆ ಮಿಣುಕತೊಡಗಿತು, ಈಗ ಪೂರ್ತಿ ಇಲ್ಲ. ನನಗೇನೂ ನಷ್ಟವಿಲ್ಲ, ಕನ್ನಡಿಗೆ ಬೆಳಗಿನ ಹೊತ್ತು ಕಿಟಕಿಯ ಬೆಳಕು ಹಿಡಿದರೆ ಅದಕ್ಕಿಂತ ಚೆನ್ನಾಗಿ ಕಾಣುತ್ತದೆ. ಫೈನ್ ಫೋಕಸ್ ತಿರುಪು ಸ್ವಲ್ಪ ಸಡಿಲ, ಮುಂದೆ ತಿರುಗಿಸಿ ಬಿಟ್ಟರೆ ಒಂದು ಕೂದಲೆಳೆ ಹಿಂದೆ ಬರುತ್ತದೆ. 40ರ ಲೆನ್ಸಿಗೆ ಸ್ಪ್ರಿಂಗ್ ಇದೆ ಅಂತ ಕಾಗದದಲ್ಲಿ ಬರೆದಿದ್ದಾರೆ. ಇದೆ, ಆದರೆ ಒತ್ತಿದರೆ ಕುಗ್ಗುವುದು ಅದಲ್ಲ, ಸ್ಲೈಡಿನ ಆಯುಷ್ಯ. ಇನ್ನು ಪೆಟ್ಟಿಗೆಯ ಮೇಲಿನ '1500 ಪಟ್ಟು' ಅನ್ನುವ ಮಾತು ಬರೀ ಜಂಬ. ಸಾದಾ ಬೆಳಕಿನಲ್ಲಿ ಒಂದು ಮಿಲಿಮೀಟರನ್ನು ಐದು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತ ಹತ್ತಿರ ಇರುವ ಎರಡು ಚುಕ್ಕೆಗಳನ್ನು ಯಾವ ಲೆನ್ಸೂ ಬಿಡಿಸಿ ತೋರಿಸುವುದಿಲ್ಲ. 15ರ ಐಪೀಸು ಹಾಕಿದರೆ ಮಸುಕು ದೊಡ್ಡದಾಗುತ್ತದೆ, ಹೊಸದೇನೂ ಕಾಣುವುದಿಲ್ಲ. ನಾನು ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟಿದ್ದೇನೆ.

ಈಗ ಕಂಡದ್ದರ ಸುದ್ದಿ. ಉಪಕರಣದ ಯೋಗ್ಯತೆ ಗೊತ್ತಾಗುವುದು ಅದರಲ್ಲಿ ಏನು ನೋಡಿದೆ ಎನ್ನುವುದರಿಂದ. ಈರುಳ್ಳಿ ಸಿಪ್ಪೆಯನ್ನು ಯಾವುದರಲ್ಲಿಟ್ಟರೂ ಚೆಂದವೇ.

ಮಳೆಗಾಲದ ಕೊನೆಗೆ ನಡುಮನೆಯ ಹಳೇ ಮಂಚದ ಕೆಳಗೆ ಗಸಗಸೆ ಚೆಲ್ಲಿದ ಹಾಗೆ ಸಣ್ಣ ಕಾಳು ಬೀಳತೊಡಗಿತು. ಗುಡಿಸಿದರೆ ಮಾರನೇ ದಿನ ಮತ್ತೆ ಅಷ್ಟೇ. 10ರ ಲೆನ್ಸಿನಲ್ಲಿ ಇಟ್ಟು ನೋಡಿದೆ: ಒಂದೊಂದು ಕಾಳಿಗೂ ಆರು ಮುಖ, ಅಚ್ಚಿನಲ್ಲಿ ಒತ್ತಿ ತೆಗೆದ ಹಾಗೆ. ಒಣಮರದ ಒರಲೆಯ ಹಿಕ್ಕೆ ಅದು. ಮಣ್ಣಿನ ಸುರಂಗ ಕಟ್ಟದೆ, ಮರದ ಹೊಟ್ಟೆಯೊಳಗೇ ಸಂಸಾರ ಮಾಡುವ ಜಾತಿ. ಮಂಚದಿಂದ ಬಾಗಿಲ ದಾರಂದಕ್ಕೂ ಹಬ್ಬಿತ್ತು. ಮನೆಯಾಕೆ ಔಷಧಿ ಹೊಡೆಯುವವನಿಗೆ ಫೋನ್ ಮಾಡು ಅಂದಳು. ನಾನು ಒಂದು ವಾರ ತಡಿ ಅಂದೆ.

ಒರಲೆ ಮರ ತಿನ್ನುತ್ತದೆ, ಆದರೆ ಮರ ಜೀರ್ಣಿಸುವ ಕೆಲಸದ ದೊಡ್ಡ ಪಾಲು ಒರಲೆಯದ್ದಲ್ಲ, ಅದರ ಕರುಳಿನಲ್ಲಿರುವ ಏಕಕೋಶ ಜೀವಿಗಳದ್ದು ಅಂತ ನಮ್ಮ ಲೆಕ್ಚರರು ಪ್ರತಿ ವರ್ಷ ಹೇಳುತ್ತಿದ್ದರು. ತೋರಿಸಿದ್ದು ಮಾತ್ರ ಒಂದು ವರ್ಷವೂ ಇಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಅನ್ನುವವನು 1920ರ ದಶಕದಲ್ಲೇ ಇದನ್ನು ಪರೀಕ್ಷಿಸಿ ತೋರಿಸಿದ್ದ. ಒರಲೆಗಳಿಗೆ ಹೆಚ್ಚು ಆಮ್ಲಜನಕ ಕೊಟ್ಟರೆ ಕರುಳಿನ ಜೀವಿಗಳು ಸಾಯುತ್ತವೆ, ಒರಲೆ ಬದುಕುತ್ತದೆ. ಆಮೇಲೆ ಅದು ಮರ ತಿನ್ನುತ್ತಲೇ ಇದ್ದರೂ ಹಸಿವಿನಿಂದ ಸಾಯುತ್ತದೆ. ಹೊಟ್ಟೆ ತುಂಬಿ ಉಪವಾಸ.

ನನ್ನ ಮೊದಲ ಪ್ರಯತ್ನ ಫೇಲು. ಮಂಚ ಬಿಚ್ಚುವುದು ಯಾಕೆ ಅಂತ ಸೋಮಾರಿತನದಿಂದ ಹಿತ್ತಲ ಹುತ್ತದ ಒರಲೆ ತಂದು ಕರುಳು ಬಿಡಿಸಿದೆ. ಏನೂ ಇಲ್ಲ, ಮಣ್ಣು, ಒಂದಿಷ್ಟು ಚುಕ್ಕೆ. ಎರಡು ದಿನ ಮೈಕ್ರೋಸ್ಕೋಪಿಗೇ ಬೈದೆ. ತಪ್ಪು ಅದರದ್ದಲ್ಲ. ಹುತ್ತ ಕಟ್ಟುವ ನಮ್ಮ ಕಡೆಯ ಒರಲೆ ಒಳಗೆ ಅಣಬೆಯ ತೋಟ ಮಾಡಿಕೊಂಡು ಬದುಕುವಂಥದ್ದು, ಅದರ ಕರುಳಿನಲ್ಲಿ ಈ ಬಾಲದ ಜೀವಿಗಳ ದಂಡು ಇರುವುದಿಲ್ಲ. ಇರುವುದು ಮರದೊಳಗಿನ ಹಳೇ ಪಂಗಡದ ಒರಲೆಗಳಲ್ಲಿ. ಹುತ್ತದ್ದನ್ನು ಹಿಡಿದು ಯಾರೂ ನನ್ನ ಹಾಗೆ ಮೋಸ ಹೋಗಬೇಡಿ.

ನೋಡುವ ವಿಧಾನ: ಮೆಡಿಕಲ್ ಶಾಪಿನ ಸಲೈನ್ 0.9 ಶೇಕಡಾ ಇರುತ್ತದೆ. ಎರಡು ಪಾಲಿಗೆ ಒಂದು ಪಾಲು ಕಾಯಿಸಿ ಆರಿಸಿದ ನೀರು ಹಾಕಿದರೆ 0.6. ಬರೀ ನೀರಿನಲ್ಲಿ ಇವು ಉಬ್ಬಿ ಒಡೆಯುತ್ತವೆ. ಸ್ಲೈಡಿನ ಮೇಲೆ ಒಂದು ಹನಿ, ಒರಲೆಯ ತಲೆ ಒಂದು ಚಿಮಟದಲ್ಲಿ, ಬಾಲದ ತುದಿ ಇನ್ನೊಂದರಲ್ಲಿ. ಮೆಲ್ಲಗೆ ಎಳೆದರೆ ಕರುಳು ದಾರದ ಹಾಗೆ ಬರುತ್ತದೆ. ಕವರ್‌ಸ್ಲಿಪ್ ಮುಚ್ಚಿ ಅಂಚಿಗೆ ವ್ಯಾಸಲೀನ್ ಬಳಿಯಬೇಕು. ಗಾಳಿ ಇವಕ್ಕೆ ವಿಷ, ತಡ ಮಾಡಿದರೆ ಕಣ್ಣೆದುರೇ ತಣ್ಣಗಾಗುತ್ತವೆ.

ಆವತ್ತು ಬೆಳಿಗ್ಗೆ ಏಳೂವರೆ, ಕಿಟಕಿಗೆ ಬಿಸಿಲು ಆಗಷ್ಟೇ ಬಂದಿತ್ತು. 10ರ ಲೆನ್ಸಿನಲ್ಲೇ ಕಂಡಿತು. ಹರಿದ ಕರುಳಿನ ಬಾಯಿಂದ ಸಾವಿರಗಟ್ಟಲೆ ಜೀವಿಗಳು ಹೊರಗೆ ನುಗ್ಗುತ್ತಿವೆ. ಒರಲೆಯ ಕರುಳಿನಲ್ಲಿ ಇವನ್ನು ಕಂಡು ವಿವರವಾಗಿ ಬರೆದ ಫಿಲಡೆಲ್ಫಿಯಾದ ಜೋಸೆಫ್ ಲೀಡಿ 1881ರಲ್ಲಿ ಇದನ್ನು ಕಿಕ್ಕಿರಿದ ಸಭಾಮಂದಿರದ ಬಾಗಿಲಿಂದ ಜನ ಹೊರಬೀಳುವುದಕ್ಕೆ ಹೋಲಿಸಿದ್ದ. ನನಗೆ ನೆನಪಾದದ್ದು ಮಾರಿಜಾತ್ರೆಯಲ್ಲಿ ರಾತ್ರಿ ಆಟ ಮುಗಿದಾಗಿನ ಟೆಂಟಿನ ಬಾಗಿಲು. ಪೇರಳೆಕಾಯಿಯಂಥವು, ಬುಗುರಿಯಂಥವು, ಮೈ ತುಂಬ ಹೊಳೆಯುವ ಬಾಲಗಳು. ಒಂದಂತೂ ಮರದ ಚೂರೊಂದನ್ನು ಇಡೀ ನುಂಗಿಕೊಂಡು ಹೊಟ್ಟೆ ಓರೆ ಮಾಡಿಕೊಂಡು ಓಡಾಡುತ್ತಿತ್ತು. ನಮ್ಮ ಮಂಚದ ಮರ! ಮನೆಯಾಕೆಯನ್ನು ಕರೆದೆ. ಒಂದು ಕಣ್ಣು ಮುಚ್ಚಿ ನೋಡಿದಳು, ಮುಚ್ಚಿದ ಕಣ್ಣು ಬಿಟ್ಟು ಮತ್ತೆ ನೋಡಿದಳು. 'ಇಷ್ಟೆಲ್ಲ ಒಂದರಲ್ಲೇನಾ?' ಅಂದಳು. ಔಷಧಿಯವನ ಫೋನು ಮತ್ತೆರಡು ವಾರ ಮುಂದೆ ಹೋಯಿತು.

40ರ ಲೆನ್ಸಿಗೆ ಬಂದೆ. ಬೆಳಕು ಹೆಚ್ಚು ಕಡಿಮೆ ಮಾಡುವ ಡಯಾಫ್ರಂ ಅರ್ಧಕ್ಕಿಂತ ಹೆಚ್ಚು ಮುಚ್ಚಿದಾಗ ಇನ್ನೊಂದು ಕಂಡಿತು: ದೊಡ್ಡ ಜೀವಿಗಳ ಸುತ್ತ, ಕೆಲವದರ ಮೈಗೇ ಅಂಟಿಕೊಂಡು, ಕೂದಲಿಗಿಂತ ತೆಳು ಎಳೆಗಳು ಸ್ಪ್ರಿಂಗಿನ ಹಾಗೆ ನುಲಿಯುತ್ತಿದ್ದವು. ನಾನು ಬಾಲ ಅಂತಲೇ ತಿಳಿದೆ. ಎಷ್ಟೋ ಹೊತ್ತಿನ ಮೇಲೆ ಒಂದು 'ಬಾಲ' ಕಳಚಿಕೊಂಡು ತಾನೇ ಈಜಿ ಹೋಯಿತು. ಅವು ಬ್ಯಾಕ್ಟೀರಿಯಾ, ಸ್ಪೈರೋಕೀಟು.

ನನ್ನಂಥವನು ಎಡವುವುದು ದೊಡ್ಡ ಮಾತಲ್ಲ, ಪಂಡಿತರೂ ಎಡವಿದ್ದಾರೆ. ಆಸ್ಟ್ರೇಲಿಯಾದ ಒಂದು ಒರಲೆಯ ಕರುಳಿನಲ್ಲಿ ಮಿಕ್ಸೋಟ್ರೈಕಾ ಪ್ಯಾರಡಾಕ್ಸಾ ಅನ್ನುವ ಜೀವಿ ಇದೆ, ಉದ್ದ ಅರ್ಧ ಮಿಲಿಮೀಟರು. 1933ರಲ್ಲಿ ಅದನ್ನು ವರ್ಣಿಸಿದ ಜೀನ್ ಸದರ್ಲೆಂಡ್, ಒಂದೇ ಜೀವಿಗೆ ಉದ್ದ ಬಾಲವೂ ಇದೆ, ಮೈತುಂಬ ಗಿಡ್ಡ ರೋಮವೂ ಇದೆ ಅಂತ ಬೆರಗಾಗಿ ಅಂಥ ಹೆಸರಿಟ್ಟಳು. 1964ರಲ್ಲಿ ಅದೇ ಕ್ಲೀವ್‌ಲ್ಯಾಂಡ್, ಗ್ರಿಮ್‌ಸ್ಟೋನ್ ಜೊತೆ ಸೇರಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಆ ರೋಮ ರೋಮವೇ ಅಲ್ಲ, ಸಾಲಾಗಿ ಅಂಟಿಕೊಂಡ ಸ್ಪೈರೋಕೀಟುಗಳು ಅಂತ ತಿಳಿಯಿತು. ಒಂದು ಜೀವಿಯ ಮೇಲೆ ಸುಮಾರು ಎರಡೂವರೆ ಲಕ್ಷ. ದೋಣಿಯ ಹುಟ್ಟಿನ ಹಾಗೆ ಜೀವಿಯನ್ನು ಮುಂದೆ ತಳ್ಳುವುದು ಅವೇ, ಜೀವಿಯ ಸ್ವಂತ ನಾಲ್ಕು ಬಾಲ ಚುಕ್ಕಾಣಿಗೆ ಮಾತ್ರ. ನಮ್ಮನೆ ಮಂಚದ ಒರಲೆಯಲ್ಲಿ ಮಿಕ್ಸೋಟ್ರೈಕಾ ಇಲ್ಲ, ಆದರೆ ಆ ಮೋಸ ಹೇಗೆ ಆಗುತ್ತದೆ ಅಂತ 7,400 ರೂಪಾಯಿಯ ಸಾಮಾನಿನಲ್ಲಿ ನನಗೂ ಅನುಭವವಾಯಿತು. ದುಡ್ಡು ಅಲ್ಲಿಗೇ ವಸೂಲು.

ಅಲ್ಲಿಂದ ಮುಂದೆ ಆಸೆ ಹೆಚ್ಚಾಯಿತು. ಈ ಜೀವಿಗಳ ಮೈಮೇಲಿನ ಬ್ಯಾಕ್ಟೀರಿಯಾ ಕಂಡವು, ಒಳಗಿನವು? ಜಪಾನಿನವರು 2008ರಲ್ಲಿ ಅಂಥ ಒಂದರ ಪೂರ್ತಿ ಜೀನೋಮ್ ಓದಿದ್ದಾರೆ. ಮರದ ದಿಮ್ಮಿ ಹಾಳು ಮಾಡುವ ಫಾರ್ಮೋಸಾ ಒರಲೆಯ ಕರುಳಿನ ಸೂಡೋಟ್ರೈಕೋನಿಂಫಾ ಅನ್ನುವ ಜೀವಿಯ ಒಳಗೆ, ಒಂದೊಂದರಲ್ಲೂ ಸುಮಾರು ಒಂದು ಲಕ್ಷ ಬ್ಯಾಕ್ಟೀರಿಯಾ ಇರುತ್ತವೆ. ಮರದಲ್ಲಿ ಸಾರಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು, ಯಜಮಾನನ ಕಸದಲ್ಲಿರುವುದನ್ನೂ ಮರಳಿ ಬಳಸಿ, ಅಮೈನೋ ಆಮ್ಲ ಮಾಡಿ ಕೊಡುತ್ತದೆ. ಯಜಮಾನ ಮರ ಒಡೆದ ಸಕ್ಕರೆಯ ಪಾಲು ಕೊಡುತ್ತಾನೆ. ನಮ್ಮ ಕಡೆಯ ಗೇಣಿ ಲೆಕ್ಕಕ್ಕಿಂತ ನ್ಯಾಯವಾಗಿದೆ. ಬಾಗಿಲು ತಿಂದದ್ದು ಒರಲೆ ಅನ್ನುತ್ತೇವೆ. ಒರಲೆಯೊಳಗೆ ಒಂದು, ಅದರೊಳಗೆ ಇನ್ನೊಂದು, ದಾರಂದದ ಲೆಕ್ಕ ಯಾರ ಹೆಸರಿಗೆ ಬರೆಯುವುದು?

ಆ ಒಳಗಿನದ್ದು ಈ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ. 100ರ ಲೆನ್ಸಿಗೆ ಎಣ್ಣೆ ಹಾಕಿ ಮೂರು ಬೆಳಿಗ್ಗೆ ಕೂತೆ. ಓಡಾಡುವ ಜೀವಿಯ ಹಿಂದೆ ಆ ಸಡಿಲ ತಿರುಪು ಹಿಡಿದು ಹೋಗುವುದೇ ಕಷ್ಟ, ನಿಂತದ್ದು ಸಿಕ್ಕರೂ ಒಳಗೆಲ್ಲ ಮರಳು ಮರಳು ಕಾಣುತ್ತದೆ. ಅದು ಬ್ಯಾಕ್ಟೀರಿಯಾವೋ, ಮರದ ಪುಡಿಯೋ, ಅದರದ್ದೇ ಸರಕೋ ಹೇಳಲು ಬಣ್ಣ ಹಚ್ಚಬೇಕು, ಬೇರೆ ತರದ ಬೆಳಕು ಬೇಕು. ಜಗಲಿಗೆ ಬಂದವರು ಕಾಣುತ್ತಾರೆ, ನಡುಮನೆಯವರು ಕಾಣುವುದಿಲ್ಲ. ಬ್ಯಾಕ್ಟೀರಿಯಾ ನೋಡುವ ಆಸೆಗೆಂದೇ ಕೊಳ್ಳುವವರು ಇದನ್ನು ತಿಳಿದು ಕೊಳ್ಳಿ.

ಹೀಗಂದುಕೊಂಡು ಸುಮ್ಮನಿದ್ದೆ. ಆಮೇಲೆ ಹಾಫ್ಕಿನ್ ವಿಷಯ ಓದಿದೆ. ಪ್ಲೇಗಿನ ಚುಚ್ಚುಮದ್ದಿನ ಹಾಫ್ಕಿನ್. 1897ರ ಜನವರಿಯಲ್ಲಿ ಮುಂಬಯಿಯಲ್ಲಿ ತನ್ನ ಮೈಗೇ ಮೊದಲು ಚುಚ್ಚಿಕೊಂಡವನು. ಮರುವರ್ಷ ಬೆಂಗಳೂರಿಗೂ ಪ್ಲೇಗು ಬಂತು, ಪ್ಲೇಗಮ್ಮನ ಗುಡಿಗಳು ಎದ್ದವು. ನಮ್ಮಜ್ಜಿ ಪ್ಲೇಗಿನ ಕಾಲದಲ್ಲಿ ಮನೆ ಬಿಟ್ಟು ತೋಟದ ಗುಡಿಸಲಲ್ಲಿದ್ದ ಕತೆ ಹೇಳುತ್ತಿದ್ದಳು. ಆದರೆ ಆ ಮನುಷ್ಯ ಭಾರತಕ್ಕೆ ಬರುವ ಮೊದಲು, ಪ್ಯಾರಿಸ್ಸಿನಲ್ಲಿದ್ದಾಗ, 1890ರಲ್ಲಿ ನೋಡುತ್ತಿದ್ದದ್ದು ಕೆರೆನೀರಿನ ಏಕಕೋಶ ಜೀವಿ ಪ್ಯಾರಾಮೀಸಿಯಂ! ಅದರ ಕೋಶಕೇಂದ್ರದೊಳಗೆ ಕೂತಿರುವ ಬ್ಯಾಕ್ಟೀರಿಯಾವನ್ನು ಅವನು ಕಂಡು ಹೋಲೋಸ್ಪೋರಾ ಅಂತ ಹೆಸರಿಟ್ಟ. ಪ್ಯಾರಾಮೀಸಿಯಮ್ಮಿಗೆ ದೊಡ್ಡದು, ಸಣ್ಣದು ಅಂತ ಎರಡು ಬಗೆಯ ಕೇಂದ್ರ. ಹೋಲೋಸ್ಪೋರಾದ ಒಂದು ಜಾತಿ ದೊಡ್ಡ ಕೇಂದ್ರಕ್ಕೇ ಹೋಗುತ್ತದೆ, ಎರಡು ಜಾತಿ ಸಣ್ಣದಕ್ಕೇ. ಆ ಕಾಲಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪು ಎಲ್ಲಿತ್ತು? ಬೆಳಕಿನದ್ದರಲ್ಲೇ ಕಂಡ. ಹೋಲೋಸ್ಪೋರಾ ಸೋಂಕು ಹರಡುವ ರೂಪದಲ್ಲಿ ಹತ್ತು ಮೈಕ್ರಾನಿಗೂ (ಸಾವಿರ ಮೈಕ್ರಾನು ಸೇರಿದರೆ ಒಂದು ಮಿಲಿಮೀಟರು) ಮಿಕ್ಕಿ ಉದ್ದ, ಬ್ಯಾಕ್ಟೀರಿಯಾಗಳ ಪೈಕಿ ದೈತ್ಯ. ಅಷ್ಟಕ್ಕೆ ನನ್ನ 40ರ ಲೆನ್ಸು ಸಾಕು.

ಪ್ಯಾರಾಮೀಸಿಯಂ ಅಂದರೆ ನನ್ನ ಕೈಯಡಿಗೆ. 31 ಜೂನ್ ತಿಂಗಳು ಒಣಹುಲ್ಲು ಕುದಿಸಿ, ಕೆರೆನೀರು ಬೆರೆಸಿ, ಕಿಟಕಿಯಲ್ಲಿಟ್ಟು ಬೆಳೆಸಿದವನು ನಾನು. ಲ್ಯಾಬಿನಲ್ಲಿ ಅದರ ಓಟ ನಿಲ್ಲಿಸಲು ಹತ್ತಿ ಎಳೆ ಹಾಕುತ್ತಿದ್ದೆವು. ಈಗ ದಾಸವಾಳ ಸೊಪ್ಪಿನ ಲೋಳೆ ಒಂದು ತೊಟ್ಟು ಹಾಕುತ್ತೇನೆ, ತಲೆಗೆ ಹಾಕುವುದೇ. ಚೆನ್ನಾಗಿ ತಡೆಯುತ್ತದೆ. ಈವರೆಗೆ ನಾಲ್ಕು ಕೆರೆಯ ನೀರು ನೋಡಿದ್ದೇನೆ. ಹೊಟ್ಟೆಯಲ್ಲಿ ಹಸಿರು ಪಾಚಿ ಇಟ್ಟುಕೊಂಡ ಬರ್ಸೇರಿಯಾ ಜಾತಿ ಒಂದು ಕಡೆ ಸಿಕ್ಕಿತು, ಹೋಲೋಸ್ಪೋರಾ ಎಲ್ಲೂ ಇಲ್ಲ. ಕೊಲೆಗಾರ ಪ್ಯಾರಾಮೀಸಿಯಂ ಅಂತಲೂ ಉಂಟು, 1938ರಲ್ಲಿ ಅಮೆರಿಕದ ವಿಜ್ಞಾನಿ ಸಾನೆಬಾರ್ನ್ ಪತ್ತೆ ಮಾಡಿದ್ದು. ಒಳಗಿನ ಬ್ಯಾಕ್ಟೀರಿಯಾದಲ್ಲಿ ಟೇಪಿನ ಹಾಗೆ ಸುರುಳಿ ಸುತ್ತಿದ ಪ್ರೋಟೀನು. ಅಂಥ ಬ್ಯಾಕ್ಟೀರಿಯಾ ಹೊರಬಿದ್ದು ಬೇರೆ ಪ್ಯಾರಾಮೀಸಿಯಂ ಅದನ್ನು ತಿಂದರೆ, ಹೊಟ್ಟೆಯ ಹುಳಿಗೆ ಸುರುಳಿ ಬಿಚ್ಚಿಕೊಳ್ಳುತ್ತದೆ, ತಿಂದದ್ದು ಸಾಯುತ್ತದೆ. ಬಾಡಿಗೆದಾರನನ್ನು ಇಟ್ಟುಕೊಂಡ ಮನೆಗೆ ಮಾತ್ರ ಅಪಾಯವಿಲ್ಲ. ಇದನ್ನು ಕೇಳಿ ಮೊಮ್ಮಗಳು ಪ್ರತಿ ಸ್ಲೈಡಿನಲ್ಲೂ ಸತ್ತವರನ್ನು ಎಣಿಸುತ್ತಾಳೆ.

ಅಂಕ ಕೊಡಿ ಅಂದರೆ ಐದಕ್ಕೆ ಮೂರೂವರೆ. ಅರ್ಧ ಎಲ್‌ಇಡಿಗೆ ಹೋಯಿತು, ಅರ್ಧ ತಿರುಪಿಗೆ, ಇನ್ನರ್ಧ ಆ 1500ರ ಸುಳ್ಳಿಗೆ. ಕೊಳ್ಳುವವರು ಕನ್ನಡಿ ಇರುವುದನ್ನೇ ಕೇಳಿ. 100ರ ಲೆನ್ಸು ಬಿಟ್ಟು ಕೊಡುತ್ತೇನೆ, ಬೆಲೆ ಇಳಿಸುತ್ತೇನೆ ಅಂದರೆ ಒಪ್ಪಿಕೊಳ್ಳಿ, ಉಳಿದ ದುಡ್ಡಿಗೆ ಕವರ್‌ಸ್ಲಿಪ್ ತನ್ನಿ. ಡಯಾಫ್ರಂ ಇಲ್ಲದ್ದು ಪುಕ್ಕಟೆ ಕೊಟ್ಟರೂ ಬೇಡ.

ದಾರಂದ ಬದಲಿಸಲು ಆಚಾರಿ ಸೋಮವಾರ ಬರುತ್ತಾನೆ. ಕೊರೆದ ಮರ ಒಲೆಗೆ ಅಂತ ತೀರ್ಮಾನವಾಗಿದೆ. ಗೇಣುದ್ದದ ಒಂದು ತುಂಡು ಮಾತ್ರ ನಾನು ನಿನ್ನೆಯೇ ಗರಗಸದಲ್ಲಿ ಕೊಯ್ದು ಬಿಸ್ಕತ್ತಿನ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಎರಡು ತೂತು ಮಾಡಿ, ಅಟ್ಟದ ಮೇಲೆ ಇಟ್ಟಿದ್ದೇನೆ. ಅಟ್ಟವೂ ಮರದ್ದೇ ಅಂತ ಆಮೇಲೆ ಹೊಳೆಯಿತು. ಈಗ ಡಬ್ಬಿ ಹಿತ್ತಲ ಒಗೆಯುವ ಕಲ್ಲಿನ ಮೇಲೆ, ನೀರು ತುಂಬಿದ ಪರಾತದ ನಡುವೆ ಇದೆ.